ತೂಕ ಇಳಿಸಲು ತಟ್ಟೆಯೋ, ನಡಿಗೆಯೋ?

‘ಡಾಕ್ಟರೇ, ಮೂರು ತಿಂಗಳಿಂದ ಒಂದು ದಿನವೂ ತಪ್ಪಿಸದೆ ವಾಕಿಂಗ್ ಹೋಗುತ್ತಿದ್ದೇನೆ. ತೂಕ ಒಂದು ಕಿಲೋ ಕೂಡ ಇಳಿದಿಲ್ಲ. ಥೈರಾಯ್ಡ್ ಪರೀಕ್ಷೆ ಮಾಡಿಸಲೇ?’

ಈ ಪ್ರಶ್ನೆ ಕಿವಿಗೆ ಬೀಳದ ವೈದ್ಯರು ಇರಲಾರರು. ಕೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಬೆಳಿಗ್ಗೆ ಐದೂವರೆಗೆ ಎದ್ದು, ಷೂ ಕಟ್ಟಿ, ಪಾರ್ಕನ್ನು ನಾಲ್ಕು ಸುತ್ತು ಹಾಕಿದ್ದು ನಿಜ. ಥೈರಾಯ್ಡ್ ಗ್ರಂಥಿಯ ತೊಂದರೆಯೂ ಕೆಲವರಲ್ಲಿ ಇರುವುದುಂಟು. ಅನುಮಾನವಿದ್ದರೆ ಪರೀಕ್ಷೆ ಮಾಡಿಸುವುದರಲ್ಲಿ ತಪ್ಪೇನಿಲ್ಲ. ಆದರೆ ಬಹುಪಾಲು ಜನರ ವಿಷಯದಲ್ಲಿ ಕಾರಣ ತಿಳಿಯಲು ಸ್ವಲ್ಪ ಕೂಡುವ ಕಳೆಯುವ ಲೆಕ್ಕ ಬಂದರೆ ಸಾಕು.

ಮೊದಲು ನಡಿಗೆಯ ಲೆಕ್ಕ. 70 ಕಿಲೋ ತೂಕದ ವ್ಯಕ್ತಿ ಗಂಟೆಗೆ ಐದು ಕಿಲೋಮೀಟರ್ ವೇಗದಲ್ಲಿ ಅರ್ಧ ಗಂಟೆ ನಡೆದರೆ ಖರ್ಚಾಗುವುದು ಸುಮಾರು 120 ಕ್ಯಾಲೊರಿ. ಅದೇ ಅರ್ಧ ಗಂಟೆ ಕುರ್ಚಿಯಲ್ಲಿ ಸುಮ್ಮನೆ ಕುಳಿತಿದ್ದರೂ ಉಸಿರಾಟ, ಎದೆಬಡಿತ, ಮೈಯ ಬಿಸಿ ಎಂದು 35 ಕ್ಯಾಲೊರಿ ಖರ್ಚಾಗುತ್ತಿತ್ತು. ಅದನ್ನು ಕಳೆದರೆ ನಡಿಗೆಯಿಂದ ಆದ ಹೆಚ್ಚುವರಿ ಖರ್ಚು 85ರಿಂದ 90 ಕ್ಯಾಲೊರಿ. ಒಂದು ಕಿಲೋ ಬೊಜ್ಜಿನಲ್ಲಿ ಶೇಖರವಾಗಿರುವ ಶಕ್ತಿ ಸುಮಾರು 7,700 ಕ್ಯಾಲೊರಿ. ಹೀಗಾಗಿ ತಿಂಗಳು ಪೂರ್ತಿ ತಪ್ಪದೆ ನಡೆದರೆ, ಊಟ ತಿಂಡಿ ಮೊದಲಿನಷ್ಟೇ ಇದ್ದರೆ, ಕರಗುವ ಕೊಬ್ಬು ಸುಮಾರು 350 ಗ್ರಾಂ. ಮನೆಯ ತೂಕದ ಯಂತ್ರದಲ್ಲಿ ಇಷ್ಟು ಸಣ್ಣ ವ್ಯತ್ಯಾಸ ಗೊತ್ತಾಗುವುದೇ ಇಲ್ಲ. ಹಿಂದಿನ ರಾತ್ರಿ ಹಪ್ಪಳ, ಉಪ್ಪಿನಕಾಯಿ ಸ್ವಲ್ಪ ಜೋರಾಗಿದ್ದರೆ ಮೈಯಲ್ಲಿ ನಿಲ್ಲುವ ನೀರೇ ಅದಕ್ಕಿಂತ ಹೆಚ್ಚು ತೂಗಬಹುದು.

ಊಟ ತಿಂಡಿ ಮೊದಲಿನಷ್ಟೇ ಇರುತ್ತದೆ ಎಂಬ ಭರವಸೆಯೂ ಇಲ್ಲ. ವಾಕಿಂಗ್ ಮುಗಿಸಿ ಬರುವ ದಾರಿಯಲ್ಲೇ ದರ್ಶಿನಿ ಇರುತ್ತದೆ, ಜೊತೆಗೆ ಗೆಳೆಯರೂ ಇರುತ್ತಾರೆ. ಒಂದು ಮಸಾಲೆ ದೋಸೆ ಎಂದರೆ, ಎಣ್ಣೆ ಬೆಣ್ಣೆಯನ್ನು ಅವಲಂಬಿಸಿ, 300 ಕ್ಯಾಲೊರಿಗೆ ಕಡಿಮೆಯಿಲ್ಲ. ಎರಡು ಚಮಚ ಸಕ್ಕರೆ ಹಾಕಿದ ಕಾಫಿಯಲ್ಲಿ ಸಕ್ಕರೆಯದೇ 40 ಕ್ಯಾಲೊರಿ. ‘ಇವತ್ತು ಚೆನ್ನಾಗಿ ನಡೆದಿದ್ದೇನೆ’ ಎಂಬ ಧೈರ್ಯದಲ್ಲಿ ತಿಂದದ್ದನ್ನು ಕರಗಿಸಲು ಇನ್ನೂ ಒಂದೂವರೆ ಗಂಟೆ ನಡೆಯಬೇಕಾಗುತ್ತದೆ.

ಸೆಣಬಿನ ಗಿರಣಿಯ ಪಾಠ

ಹಾಗಾದರೆ ನಡಿಗೆ ದಂಡವೇ? ಇದಕ್ಕೆ ಸಂಬಂಧಿಸಿದ ಒಂದು ಸ್ವಾರಸ್ಯಕರ ಅಧ್ಯಯನ ನಮ್ಮ ದೇಶದಲ್ಲೇ ನಡೆದಿದೆ. ಪೋಷಣಾ ವಿಜ್ಞಾನಿ ಜೀನ್ ಮೇಯರ್ ಮತ್ತು ಸಂಗಡಿಗರು ಪಶ್ಚಿಮ ಬಂಗಾಳದ ಸೆಣಬಿನ ಗಿರಣಿಯೊಂದರ 213 ಮಂದಿಯ ಆಹಾರ, ಮೈತೂಕ ಮತ್ತು ದುಡಿಮೆಯನ್ನು ಹೋಲಿಸಿ ನೋಡಿ 1956ರಲ್ಲಿ ವರದಿ ಪ್ರಕಟಿಸಿದರು. ದಿನವಿಡೀ ಅಂಗಡಿಯಲ್ಲಿ ಕುಳಿತೇ ಇರುವವರು, ಗುಮಾಸ್ತರು, ಮೇಲ್ವಿಚಾರಕರು, ಯಂತ್ರದ ಕೆಲಸದವರು, ಮೂಟೆ ಹೊರುವ ಕೂಲಿಗಳು, ಹೀಗೆ ಎಲ್ಲ ಬಗೆಯ ಜನ ಅದರಲ್ಲಿದ್ದರು.

ಹಗುರ ಕೆಲಸದವರಿಂದ ಭಾರಿ ಕೆಲಸದವರ ಕಡೆಗೆ ಹೋದಂತೆ ಊಟದ ಪ್ರಮಾಣವೂ ಹೆಚ್ಚುತ್ತಿತ್ತು, ಮೈತೂಕ ಮಾತ್ರ ಹೆಚ್ಚು ಕಡಿಮೆ ಒಂದೇ ಆಗಿತ್ತು. ಹೆಚ್ಚು ದುಡಿದವರು ಹೆಚ್ಚು ತಿಂದು ಸರಿದೂಗಿಸುತ್ತಿದ್ದರು. ಕುಳಿತಲ್ಲಿಂದ ಏಳದವರಲ್ಲಿ ಮಾತ್ರ ಈ ಲೆಕ್ಕ ತಪ್ಪಿತ್ತು. ಕೆಲಸ ಕಡಿಮೆಯೆಂದು ಅವರ ಊಟ ಕಡಿಮೆಯಾಗಿರಲಿಲ್ಲ, ಹಗುರ ಕೆಲಸದವರಿಗಿಂತ ಹೆಚ್ಚೇ ಇತ್ತು. ತೂಕವೂ ಅವರದೇ ಹೆಚ್ಚು. ಅಂಗಡಿಯವರ ಕೈಯಲ್ಲಿ ನಾಲ್ಕು ಕಾಸು ಹೆಚ್ಚಿಗೆ ಇದ್ದಿರಬಹುದು, ಅದೂ ಒಂದು ಕಾರಣವಾಗಿರಬಹುದು; ಇಂಥ ಒಂದೇ ಅಧ್ಯಯನದಿಂದ ಎಲ್ಲವನ್ನೂ ತೀರ್ಮಾನಿಸಲಾಗದು. ಆದರೂ ನಮ್ಮ ಆಫೀಸು, ಟಿ.ವಿ., ಮೊಬೈಲುಗಳ ಬದುಕಿಗೆ ಈ ಹಳೆಯ ಗಿರಣಿ ಕನ್ನಡಿ ಹಿಡಿದಂತಿದೆ. ಮೈ ಅಲುಗಾಡದಿದ್ದರೆ ಹಸಿವಿಗೆ ಅಳತೆ ತಪ್ಪುತ್ತದೆ. ಮೈ ದಂಡಿಸಿದರೆ ಹಸಿವು ಅದಕ್ಕೆ ತಕ್ಕಂತೆ ಏರುತ್ತದೆ. ಆದ್ದರಿಂದ ತೂಕ ಇಳಿಸುವ ಹೆಚ್ಚಿನ ಭಾರ ಬೀಳುವುದು ಊಟದ ಮೇಲೆ.

ಇಳಿದ ತೂಕವನ್ನು ಮತ್ತೆ ಏರದಂತೆ ಹಿಡಿದಿಡುವ ವಿಷಯ ಬಂದಾಗ ನಡಿಗೆಯ ಬೆಲೆ ತಿಳಿಯುತ್ತದೆ. ಅಮೆರಿಕದಲ್ಲಿ 1994ರಲ್ಲಿ ಶುರುವಾದ ಒಂದು ದಾಖಲೆಯಲ್ಲಿ, ಕನಿಷ್ಠ 13.6 ಕಿಲೋ ಇಳಿಸಿ ಅದನ್ನು ಒಂದು ವರ್ಷವಾದರೂ ಉಳಿಸಿಕೊಂಡ ಸಾವಿರಾರು ಜನರ ವಿವರ ಸೇರಿಸಲಾಗಿದೆ. ಅವರಲ್ಲಿ ಹೆಚ್ಚು ಕಡಿಮೆ ಎಲ್ಲರೂ ಊಟ ಬದಲಿಸಿದ್ದರು. ಹೆಚ್ಚಿನವರು ದಿನಕ್ಕೆ ಸುಮಾರು ಒಂದು ಗಂಟೆ ವ್ಯಾಯಾಮ ಮಾಡುತ್ತಿದ್ದರು, ಅದರಲ್ಲೂ ಹೆಚ್ಚು ಜನರದು ಬರೀ ನಡಿಗೆ. ಜಿಮ್ಮಿಗೆ ಸಾವಿರಾರು ರೂಪಾಯಿ ಕಟ್ಟಿ ಎರಡನೇ ತಿಂಗಳು ಬಿಡುವವರು ಇದನ್ನು ಗಮನಿಸಬೇಕು.

ಇನ್ನೊಂದು ಮಾತು. ಬರೀ ಊಟ ಬಿಟ್ಟು ತೂಕ ಇಳಿಸಿದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಇಳಿದ ತೂಕದಲ್ಲಿ ಕಾಲು ಭಾಗದಷ್ಟು ಕೊಬ್ಬಲ್ಲದ ಅಂಶವೇ ಇರಬಹುದು. ಐವತ್ತು ದಾಟಿದವರಿಗೆ ಇದು ದೊಡ್ಡ ನಷ್ಟ. ಮೆಟ್ಟಿಲು ಹತ್ತುವ, ನೆಲದಿಂದ ಏಳುವ ಬಲವೇ ಕುಂದುತ್ತದೆ. ನಡಿಗೆಯ ಜೊತೆಗೆ ವಾರಕ್ಕೆ ಎರಡು ದಿನವಾದರೂ ಕುರ್ಚಿ ಹಿಡಿದು ಬೈಠಕ್ ತೆಗೆಯುವುದು, ಗೋಡೆಗೆ ಕೈಯೊತ್ತಿ ದಂಡ ಹೊಡೆಯುವುದು, ನೀರು ತುಂಬಿದ ಬಾಟಲಿ ಎತ್ತಿಳಿಸುವುದು ಇದಕ್ಕಾಗಿಯೇ. ಊಟದಲ್ಲಿ ಬೇಳೆ, ಕಾಳು, ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು ಕಡಿಮೆಯಾಗಬಾರದು. ಡಯಟಿಂಗ್ ಎಂದು ಹೇಳಿ ಬರೀ ಅನ್ನ ತಿಳಿಸಾರು ಉಳಿಸಿಕೊಂಡು ಉಳಿದದ್ದೆಲ್ಲ ಬಿಡುವವರು ತಿರುವುಮುರುವು ಮಾಡುತ್ತಿದ್ದಾರೆ.

ಎಣ್ಣೆ ಕ್ಯಾನಿನ ಲೆಕ್ಕ

ಊಟ ಕಡಿಮೆ ಮಾಡಿ ಎಂದರೆ ಎಲ್ಲರೂ ಮೊದಲು ನೋಡುವುದು ಅನ್ನದ ತಟ್ಟೆಯನ್ನು. ಅದಕ್ಕೂ ಮುಂಚೆ ಒಂದು ಕೆಲಸ ಮಾಡಿ. ನಿಮ್ಮ ಮನೆಗೆ ತಿಂಗಳಿಗೆ ಎಷ್ಟು ಅಡುಗೆ ಎಣ್ಣೆ ಬರುತ್ತದೆ ಎಂದು ದಿನಸಿ ಚೀಟಿ ನೋಡಿ. ನಾಲ್ಕು ಜನರಿರುವ ಮನೆಗೆ ಐದು ಲೀಟರಿನ ಒಂದು ಕ್ಯಾನ್ ಎಂದಿಟ್ಟುಕೊಳ್ಳೋಣ. ತಲೆಗೆ ದಿನಕ್ಕೆ ಸುಮಾರು 38 ಗ್ರಾಂ ಆಯಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ತನ್ನ ಮಾರ್ಗಸೂಚಿಯಲ್ಲಿ 2,000 ಕ್ಯಾಲೊರಿಯ ಊಟಕ್ಕೆ ಹೇಳಿರುವುದು 27 ಗ್ರಾಂ ಎಣ್ಣೆ-ಕೊಬ್ಬು. ಅಂದರೆ ಇದೇ ಮನೆಗೆ ಮೂರೂವರೆ ಲೀಟರ್ ಸಾಕು. ವ್ಯತ್ಯಾಸ ತಲೆಗೆ ದಿನಕ್ಕೆ 11 ಗ್ರಾಂ. ಒಂದು ಗ್ರಾಂ ಎಣ್ಣೆಯಲ್ಲಿ 9 ಕ್ಯಾಲೊರಿ ಇರುವುದರಿಂದ ಸುಮಾರು 100 ಕ್ಯಾಲೊರಿ ಉಳಿತಾಯ. ಪಾರ್ಕಿನಲ್ಲಿ ಅರ್ಧ ಗಂಟೆ ಬೆವರು ಸುರಿಸಿದ್ದಕ್ಕೆ ಇದು ಸಮ! ತುಪ್ಪ, ಬೆಣ್ಣೆ, ಬೇಕರಿ ತಿಂಡಿ, ಸಂಜೆಯ ಬಜ್ಜಿ ಬೋಂಡಾ ಈ ಲೆಕ್ಕದಲ್ಲಿ ಸೇರಿಲ್ಲ. ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ತೆಂಗಿನೆಣ್ಣೆ, ಯಾವುದಾದರೂ ಸರಿ, ಕ್ಯಾಲೊರಿಯಲ್ಲಿ ಹೆಚ್ಚು ಕಡಿಮೆ ಒಂದೇ. ಬಾಣಲೆಗೆ ಕ್ಯಾನಿನಿಂದ ನೇರವಾಗಿ ಸುರಿಯುವ ಬದಲು ಚಮಚದಲ್ಲಿ ಅಳೆದು ಹಾಕುವ ಅಭ್ಯಾಸವೊಂದೇ ಸಾಕಷ್ಟು ಕೆಲಸ ಮಾಡುತ್ತದೆ.

ಈಗ ಅನ್ನಕ್ಕೆ ಬರೋಣ. ಅನ್ನ ಬಿಟ್ಟು ಮುದ್ದೆ ತಿಂದರೆ ಬೊಜ್ಜು ಕರಗುತ್ತದೆ ಎಂಬ ನಂಬಿಕೆ ಬಲವಾಗಿದೆ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 355 ಕ್ಯಾಲೊರಿ, 100 ಗ್ರಾಂ ರಾಗಿಯಲ್ಲಿ 320, ಗೋಧಿ ಹಿಟ್ಟಿನಲ್ಲೂ 320. ರಾಗಿಯಲ್ಲಿ ನಾರು ಮತ್ತು ಸುಣ್ಣದ ಅಂಶ ಹೆಚ್ಚು, ಹೊಟ್ಟೆ ಬೇಗ ತುಂಬಿದಂತೆ ಅನಿಸುತ್ತದೆ, ಖಂಡಿತ ತಿನ್ನಿ. ಆದರೆ ಹೊಲದಲ್ಲಿ ಗೇಯುವವರು ಉಣ್ಣುತ್ತಿದ್ದ ಗಾತ್ರದ ಮುದ್ದೆಯನ್ನು ಕಂಪ್ಯೂಟರ್ ಮುಂದೆ ಕೂರುವವರು ನುಂಗಿ, ಮೇಲೆ ಅನ್ನವನ್ನೂ ಬಡಿಸಿಕೊಂಡರೆ ತೂಕ ಇಳಿಯುವುದಿಲ್ಲ.

ಸುಲಭದ ದಾರಿಯೆಂದರೆ ಬಡಿಸುವ ಕ್ರಮ ಬದಲಿಸುವುದು. ನಮ್ಮಲ್ಲಿ ತಟ್ಟೆಯ ನಡುವೆ ಅನ್ನದ ರಾಶಿ, ಮೂಲೆಯಲ್ಲಿ ಬೆರಳ ತುದಿಯಷ್ಟು ಪಲ್ಯ, ಕೋಸಂಬರಿ. ಇದನ್ನು ತಿರುಗಿಸಿ. ಅರ್ಧ ತಟ್ಟೆ ಸೊಪ್ಪು ತರಕಾರಿ, ಕಾಲು ಭಾಗ ಕಾಳು ಬೇಳೆಯ ಪದಾರ್ಥ, ಉಳಿದ ಕಾಲು ಭಾಗ ಅನ್ನವೋ ಮುದ್ದೆಯೋ ಚಪಾತಿಯೋ. ಮೊದಲು ಕೋಸಂಬರಿ ಪಲ್ಯ ತಿಂದು ಆಮೇಲೆ ಅನ್ನಕ್ಕೆ ಕೈಹಾಕಿದರೆ ಎರಡನೇ ಸಲ ಬಡಿಸಿಕೊಳ್ಳುವ ಆಸೆ ತಾನಾಗಿ ಕಡಿಮೆಯಾಗುತ್ತದೆ. ಆಲೂಗಡ್ಡೆಯನ್ನು ಮಾತ್ರ ತರಕಾರಿಯ ಲೆಕ್ಕಕ್ಕೆ ಸೇರಿಸಬೇಡಿ.

ಶನಿವಾರದ ಒಪ್ಪತ್ತು, ಏಕಾದಶಿಯ ಉಪವಾಸ ಮಾಡುವವರ ಭಕ್ತಿಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅನ್ನದ ಬದಲು ಎರಡು ತಟ್ಟೆ ಉಪ್ಪಿಟ್ಟು, ಸಬ್ಬಕ್ಕಿ ಪಾಯಸ, ಬಾಳೆಹಣ್ಣಿನ ರಸಾಯನ ಆದರೆ ಅದು ತೂಕ ಇಳಿಸುವ ಉಪವಾಸವಲ್ಲ. ಬಿಸಿ ನೀರಿಗೆ ಜೇನು ಬೆರೆಸಿ ಕುಡಿದರೆ ಬೊಜ್ಜು ಕರಗದು. ಜೇನಿನ ಸಕ್ಕರೆ ಸೇರಿಕೊಳ್ಳುತ್ತದೆ, ಅಷ್ಟೆ. ಹೊಟ್ಟೆಗೆ ಕಟ್ಟಿಕೊಳ್ಳುವ ನಡುಗುವ ಪಟ್ಟಿಗಳ ಜಾಹೀರಾತನ್ನು ನಂಬಬೇಡಿ. ಒಂದು ಜಾಗದ ಕೊಬ್ಬನ್ನು ಮಾತ್ರ ಆರಿಸಿ ಕರಗಿಸುವ ವ್ಯಾಯಾಮವೂ ಇಲ್ಲ, ಯಂತ್ರವೂ ಇಲ್ಲ.

ಮನೆಯೊಡತಿಯ ತಟ್ಟೆ

ಅನೇಕ ಗೃಹಿಣಿಯರು ‘ನಾನು ತಿನ್ನುವುದೇ ಕಡಿಮೆ’ ಎನ್ನುತ್ತಾರೆ. ಕುಳಿತು ಉಣ್ಣುವುದು ಕಡಿಮೆ, ನಿಜ. ಮಗು ಬಿಟ್ಟ ಅರ್ಧ ದೋಸೆ, ಪಾತ್ರೆಯ ತಳದ ಚಿತ್ರಾನ್ನ, ನಾಳೆಗೆ ಹಳಸುತ್ತದೆಂದು ಒಂದು ಬಟ್ಟಲು ಪಾಯಸ, ಇವೆಲ್ಲ ನಿಂತೇ ಬಾಯಿಗೆ ಬೀಳುತ್ತವೆ, ಲೆಕ್ಕಕ್ಕೆ ಬರುವುದಿಲ್ಲ. ಅನ್ನವನ್ನು ಚೆಲ್ಲಬಾರದೆಂಬ ಸಂಸ್ಕಾರ ಒಳ್ಳೆಯದೇ. ಆದರೆ ಅದನ್ನು ಪಾಲಿಸುವ ಹೊಣೆ ಒಬ್ಬಳದೇ ಏಕೆ? ಅಳೆದು ಅಡುಗೆ ಮಾಡಿದರೆ, ಮಿಕ್ಕದ್ದನ್ನು ಸಂಜೆ ಎಲ್ಲರೂ ಹಂಚಿಕೊಂಡರೆ ಆಯಿತು.

ನಡಿಗೆಯ ವಿಷಯದಲ್ಲೂ ಹೀಗೆಯೇ. ಗಂಡಸರು ಪಾರ್ಕಿಗೆ ಹೋಗುವ ಹೊತ್ತಿಗೆ ಹೆಂಗಸರ ಕೈಯಲ್ಲಿ ತಿಂಡಿಯ ಡಬ್ಬಿಗಳು. ಆ ಅರ್ಧ ಗಂಟೆ ಬಿಡುವು ಸಿಗಬೇಕಾದರೆ ಮನೆಯಲ್ಲಿ ಬೇರೊಬ್ಬರು ಡಿಕಾಕ್ಷನ್ ಹಾಕಬೇಕು, ಮಕ್ಕಳ ಡಬ್ಬಿ ಕಟ್ಟಬೇಕು. ಒಟ್ಟಿಗೆ ಸಮಯ ಸಿಗದಿದ್ದರೆ ಹತ್ತು ಹತ್ತು ನಿಮಿಷ ಮೂರು ಸಲ ನಡೆದರೂ ಅಡ್ಡಿಯಿಲ್ಲ. ಇಡೀ ಮನೆಗೆ ಕರಿದದ್ದು ಮಾಡಿ ಒಬ್ಬರ ಮುಂದೆ ಮಾತ್ರ ಸೌತೆಕಾಯಿ ಇಟ್ಟರೆ ಅಂಥ ಪಥ್ಯ ಹದಿನೈದು ದಿನ ನಡೆಯುವುದಿಲ್ಲ.

ಸಣಕಲು ಕೈ, ದಪ್ಪ ಹೊಟ್ಟೆ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಶೇಕಡ 24, ಪುರುಷರಲ್ಲಿ ಸುಮಾರು ಶೇಕಡ 23 ಮಂದಿ ಅಧಿಕ ತೂಕದವರು. ಆದರೆ ನಮ್ಮವರ ತೊಂದರೆ ತೂಕದ ಯಂತ್ರದಲ್ಲಿ ಪೂರ್ತಿ ಕಾಣುವುದಿಲ್ಲ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯಡ್ಕಿನ್ 2004ರಲ್ಲಿ ತಮ್ಮದೇ ಚಿತ್ರ ಪ್ರಕಟಿಸಿದರು. ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ ಇಬ್ಬರದೂ 22.3. ಮೈಯ ಕೊಬ್ಬು ಮಾತ್ರ ಯಡ್ಕಿನ್ನರಲ್ಲಿ ಶೇಕಡ 9.1, ಯಾಜ್ಞಿಕರಲ್ಲಿ ಶೇಕಡ 21.2! ಈ ಕಾರಣಕ್ಕೇ ಭಾರತೀಯರಿಗೆ ಸೂಚ್ಯಂಕ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂದು ತಜ್ಞರು ಹೇಳುತ್ತಾರೆ. 160 ಸೆಂಟಿಮೀಟರ್ ಎತ್ತರದವರಿಗೆ ಇದು 59 ಮತ್ತು 64 ಕಿಲೋ. ಜೊತೆಗೆ ದರ್ಜಿಯ ಟೇಪು ತೆಗೆದುಕೊಂಡು, ಉಸಿರು ಬಿಟ್ಟು, ಪಕ್ಕೆಲುಬಿನ ಕೊನೆಗೂ ಸೊಂಟದ ಮೂಳೆಗೂ ನಡುವೆ ಅಳೆದುಕೊಳ್ಳಿ. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದು.

ತೂಕ ಇಳಿಯಲಿಲ್ಲವೆಂದು ನಡಿಗೆ ಬಿಡುವವರಿಗೆ ಚೆನ್ನೈಯಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ಹೇಳಬೇಕು. ಮಧುಮೇಹದ ಅಂಚಿನಲ್ಲಿದ್ದ 531 ಮಂದಿಯನ್ನು ಗುಂಪುಗಳಾಗಿ ಮಾಡಲಾಯಿತು. ಮೂರು ವರ್ಷದಲ್ಲಿ, ಮಾಮೂಲಿ ಸಲಹೆ ಪಡೆದವರಲ್ಲಿ ನೂರಕ್ಕೆ 55 ಮಂದಿಗೆ ಸಕ್ಕರೆ ಕಾಯಿಲೆ ಬಂತು. ಊಟ ತಿದ್ದಿಕೊಂಡು ದಿನವೂ ನಡೆದವರಲ್ಲಿ 39 ಮಂದಿಗೆ ಮಾತ್ರ. ಸ್ವಾರಸ್ಯವೆಂದರೆ ಆ ಗುಂಪಿನವರ ತೂಕ ಹೇಳಿಕೊಳ್ಳುವಂತೆ ಇಳಿದಿರಲಿಲ್ಲ.

ಎಷ್ಟು, ಯಾರಿಗೆ, ಯಾವಾಗ?

ದಿನಕ್ಕೆ 500 ಕ್ಯಾಲೊರಿ ಕಡಿತವಾದರೆ ವಾರಕ್ಕೆ ಸುಮಾರು ಅರ್ಧ ಕಿಲೋ ಇಳಿಯಬಹುದು. ಮೈ ಹಗುರವಾದಂತೆ ಇಳಿಯುವ ವೇಗವೂ ತಗ್ಗುತ್ತದೆ. ಮೊದಲ ವಾರದಲ್ಲಿ ಸರ್ರನೆ ಇಳಿಯುವುದು ಹೆಚ್ಚಾಗಿ ನೀರು. ವಾರಕ್ಕೆ ಒಟ್ಟು 150 ನಿಮಿಷದ ಬಿರುಸು ನಡಿಗೆಯಿಂದ ಶುರುಮಾಡಿ ಸಾಧ್ಯವಾದಷ್ಟು 300ರ ಕಡೆಗೆ ಹೋಗಬೇಕು. ತೂಕ ಇಳಿಸುವ ಚುಚ್ಚುಮದ್ದುಗಳು 2025ರಲ್ಲಿ ನಮ್ಮ ದೇಶಕ್ಕೂ ಬಂದಿವೆ. ಅವು ಹಸಿವು ತಗ್ಗಿಸುತ್ತವೆ, ಕೆಲಸವನ್ನೂ ಮಾಡುತ್ತವೆ. ಆದರೆ ನಿಲ್ಲಿಸಿದ ಮೇಲೆ ಬಹಳ ಮಂದಿಯಲ್ಲಿ ತೂಕ ಮರಳುತ್ತದೆ. ವೈದ್ಯರ ಚೀಟಿಯಿಲ್ಲದೆ, ಪಕ್ಕದ ಮನೆಯವರು ಹೇಳಿದರೆಂದು ತೆಗೆದುಕೊಳ್ಳುವ ಔಷಧಿ ಅದಲ್ಲ.

ಬೆಳೆಯುವ ಮಕ್ಕಳಿಗೆ, ಗರ್ಭಿಣಿಯರಿಗೆ, ಎಳೆಮಗುವಿಗೆ ಹಾಲೂಡಿಸುವವರಿಗೆ ಸ್ವಂತ ಬುದ್ಧಿಯಿಂದ ಪಥ್ಯ ಮಾಡಿಸಬಾರದು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ತಗ್ಗಿಸುವ ಮುಂಚೆ ಔಷಧಿಯ ಪ್ರಮಾಣವನ್ನು ವೈದ್ಯರಲ್ಲಿ ಕೇಳಬೇಕು. ಇಲ್ಲವಾದರೆ ಸಕ್ಕರೆ ಅಂಶ ತೀರಾ ಇಳಿದು ಬೆವರು, ನಡುಕ, ತಲೆಸುತ್ತು ಬರಬಹುದು. ನಡೆಯುವಾಗ ಎದೆ ಹಿಡಿದಂತಾದರೆ, ಎಡಗೈಗೋ ದವಡೆಗೋ ನೋವು ಹರಿದರೆ ಅಲ್ಲೇ ನಿಂತು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಮನೆಯ ಹಿರಿಯರು ಪಥ್ಯವೂ ಇಲ್ಲದೆ, ನಡಿಗೆಯೂ ಇಲ್ಲದೆ ಐದಾರು ತಿಂಗಳಲ್ಲಿ ಮೂರು ನಾಲ್ಕು ಕಿಲೋ ಇಳಿದಿದ್ದರೆ ‘ಸಣ್ಣಗಾದಿರಿ’ ಎಂದು ಸಂತೋಷಪಡದೆ ಅವರನ್ನು ವೈದ್ಯರಿಗೆ ತೋರಿಸಿ.