ಎತ್ತಿನ ಜ್ವರ, ಎಮ್ಮೆಯ ಬರೆ

ಅಮೆರಿಕದ ಸಣ್ಣ ಊರುಗಳ ಎಷ್ಟೋ ವಿಮಾನ ನಿಲ್ದಾಣಗಳಲ್ಲಿ ರಾತ್ರಿ ಹೊತ್ತು ಒಂದು ನರಪಿಳ್ಳೆಯೂ ಇರುವುದಿಲ್ಲ. ತಂತಿ ಜಾಲರಿಯ ಬೇಲಿ, ಅದಕ್ಕೊಂದು ಕಿರುಗೇಟು, ಗೇಟಿಗೆ ಅಂಕಿ ಒತ್ತಿ ತೆರೆಯುವ ಬೀಗ, ಅಷ್ಟೇ. ಬೇರೆ ಊರಿನಿಂದ ಹಾರಿಬಂದ ಪೈಲಟ್ ಊಟಕ್ಕೆಂದು ಹೊರಗೆ ಕಾಲಿಟ್ಟರೆ ಗೇಟು ಬೆನ್ನ ಹಿಂದೆಯೇ ಮುಚ್ಚಿಕೊಳ್ಳುತ್ತದೆ. ತನ್ನದೇ ವಿಮಾನದ ಹತ್ತಿರ ಮರಳಬೇಕಾದರೆ ಕೋಡ್ ಬೇಕು. ಇಂಥ ಗೇಟುಗಳ ಒಳಬದಿಯಲ್ಲಿ ಒಂದು ಸುಳಿವು ಬರೆದಿಟ್ಟಿರುವುದುಂಟು: ಈ ನಿಲ್ದಾಣದ ರೇಡಿಯೊ ತರಂಗಾಂತರವೇ ಕೋಡ್. ಆ ತರಂಗಾಂತರದಲ್ಲಿ ಮಾತಾಡಿಕೊಂಡೇ ಇಳಿದ ಪೈಲಟ್‌ಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಬೇಲಿ ಹಾರಲು ನೋಡುವ ಪಡ್ಡೆ ಹುಡುಗನಿಗೆ ಅದು ಹೊಳೆಯುವುದೂ ಕಷ್ಟ. ಅದೇ ಪೈಲಟ್ ಅದೇ ಪುಟ್ಟ ವಿಮಾನವನ್ನು ಏರ್‌ಲೈನ್‌ಗಳು ಬಂದುಹೋಗುವ ನಿಲ್ದಾಣವೊಂದರ ಹ್ಯಾಂಗರಿನಲ್ಲಿ ಬಾಡಿಗೆಗೆ ಇಟ್ಟನೆನ್ನಿ. ಆಗ ಬೀಗದ ಪ್ರಶ್ನೆಯೇ ಬೇರೆ. ಅವನ ಹಿನ್ನೆಲೆ ಸರ್ಕಾರಿ ಪಟ್ಟಿಗಳ ಜೊತೆ ತಾಳೆಯಾಗಬೇಕು. ಬಿಗಿ ಕಾವಲಿನ ವಲಯಕ್ಕೂ ಹೋಗಬೇಕಿದ್ದರೆ ಬೆರಳಚ್ಚು ಕೊಟ್ಟು, ಕಳೆದ 10 ವರ್ಷಗಳ ಅಪರಾಧ ದಾಖಲೆ ತೆರೆಸಬೇಕು. ಆಮೇಲೆ ಎದೆಯ ಮೇಲೆ ಫೋಟೊ ಬ್ಯಾಡ್ಜ್. ಆ ಬ್ಯಾಡ್ಜ್ ಪಕ್ಕದ ಊರಿನ ನಿಲ್ದಾಣದಲ್ಲಿ ಕೆಲಸಕ್ಕೆ ಬಾರದು, ಅಲ್ಲಿಯದು ಅಲ್ಲಿಗೇ. ಮನುಷ್ಯ ಬದಲಾಗಿಲ್ಲ, ವಿಮಾನ ಬದಲಾಗಿಲ್ಲ, ಬದಲಾದದ್ದು ನಿಂತ ನೆಲ. ಈ ನಿಯಮಗಳು ಬಂದ ದಾರಿಯನ್ನು ಹಿಂಬಾಲಿಸಿದರೆ ಅವು ನೆಲಕ್ಕೇ ಏಕೆ ಅಂಟಿಕೊಂಡವು ಎಂಬುದೂ ತಿಳಿಯುತ್ತದೆ. ಒಂದೊಂದು ನಿಯಮವೂ ಏರ್‌ಲೈನ್‌ನಲ್ಲಿ ಆದ ಅನಾಹುತದಿಂದ ಹುಟ್ಟಿದ್ದು. ಅದೇ ಡಾಂಬರಿನ ಇನ್ನೊಂದು ಮೂಲೆಯಲ್ಲಿ ನಿಂತಿದ್ದ ತಪ್ಪಿಗೆ ಅದು ಸಣ್ಣ ವಿಮಾನದವರ ಮೈಮೇಲೂ ಬಿತ್ತು.

ಖಾಸಗಿ ವಿಮಾನವೆಂದರೆ ನಮ್ಮ ಕಣ್ಣಿಗೆ ಬರುವುದು ಉದ್ಯಮಿಗಳ ಜೆಟ್. ಅಮೆರಿಕದ ಲೆಕ್ಕ ಬೇರೆ. ಅಲ್ಲಿ ಏರ್‌ಲೈನ್ ಮತ್ತು ಸೇನೆಗೆ ಸೇರದ ವಿಮಾನಗಳೇ ಸುಮಾರು 2 ಲಕ್ಷ ಇವೆ. ಅವುಗಳಲ್ಲಿ ಹೆಚ್ಚಿನವು ಒಂದೇ ಎಂಜಿನ್ನಿನ, ಎರಡು ಅಥವಾ ನಾಲ್ಕು ಸೀಟಿನ ಹಳೆಯ ಗಾಡಿಗಳು. ಮೇಷ್ಟ್ರು, ದಂತವೈದ್ಯ, ರೈತ ಎಲ್ಲರೂ ಇಟ್ಟುಕೊಂಡಿರುತ್ತಾರೆ, ನಮ್ಮಲ್ಲಿ ಬುಲೆಟ್ ಇಟ್ಟುಕೊಂಡ ಹಾಗೆ. ಸಾರ್ವಜನಿಕರು ಬಳಸಬಹುದಾದ ನಿಲ್ದಾಣಗಳು ಸುಮಾರು 5,000. ಅವುಗಳಲ್ಲಿ ಏರ್‌ಲೈನ್‌ಗಳು ಹಾರುವ, ಹಾಗಾಗಿ ಕೇಂದ್ರ ಸರ್ಕಾರದ ಭದ್ರತಾ ನಿಯಮ ಪೂರ್ತಿಯಾಗಿ ಅನ್ವಯವಾಗುವ ನಿಲ್ದಾಣಗಳು ಸುಮಾರು 450. ವಿಮಾನ ನಿಲ್ಲಿಸಿ, ಇಂಧನ ತುಂಬಿಸಿ, ಹತ್ತಿಳಿಯುವ ಡಾಂಬರು ಅಂಗಳಕ್ಕೆ ಅಲ್ಲಿಯವರು ರ್‍ಯಾಂಪ್ ಎನ್ನುತ್ತಾರೆ. ಅರ್ಧ ಶತಮಾನದಿಂದ ಜಗಳವೆಲ್ಲ ಆ ಅಂಗಳಕ್ಕೆ ಯಾರು ಕಾಲಿಡಬಹುದು ಎಂಬುದರ ಬಗ್ಗೆ.

1960ರ ದಶಕದ ಕೊನೆಯವರೆಗೆ ಇದೊಂದು ಪ್ರಶ್ನೆಯೇ ಆಗಿರಲಿಲ್ಲ. ಆಮೇಲೆ ವಿಮಾನ ಅಪಹರಣಗಳ ಸರಣಿ ಶುರುವಾಯಿತು. 1972ರಲ್ಲಿ ನಿಲ್ದಾಣಗಳ ಭದ್ರತೆಗೆಂದೇ ಮೊದಲ ನಿಯಮಾವಳಿ ಬಂತು; 1973ರ ಜನವರಿ 5ರಿಂದ ಏರ್‌ಲೈನ್ ಪ್ರಯಾಣಿಕರೆಲ್ಲರ ತಪಾಸಣೆ ಕಡ್ಡಾಯವಾಯಿತು. ಆಗಲೂ ಕಣ್ಣಿದ್ದದ್ದು ಟಿಕೆಟ್ ಹಿಡಿದು ಮುಂಬಾಗಿಲಿನಿಂದ ಬರುವವರ ಮೇಲೆ. ಹಿತ್ತಿಲ ಬಾಗಿಲಿನ ನೆನಪು ಬಂದದ್ದು 1987ರ ಡಿಸೆಂಬರ್ 7ರಂದು. ಲಾಸ್ ಏಂಜಲೀಸ್‌ನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ಪಿಎಸ್‌ಎ ಕಂಪನಿಯ 1771ನೇ ಸಂಖ್ಯೆಯ ವಿಮಾನದಲ್ಲಿ, ಅದರ ಮಾಲೀಕ ಸಂಸ್ಥೆಯಿಂದ ಆಗಷ್ಟೇ ಕೆಲಸ ಕಳೆದುಕೊಂಡಿದ್ದ ನೌಕರನೊಬ್ಬ ಪಿಸ್ತೂಲು ಸಮೇತ ಕುಳಿತಿದ್ದ. ತನ್ನನ್ನು ಕೆಲಸದಿಂದ ತೆಗೆದ ಮೇಲಧಿಕಾರಿಯೂ ಅದೇ ವಿಮಾನದಲ್ಲಿದ್ದ. 43 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಕೆಲಸ ಹೋಗಿದ್ದರೂ ಗುರುತಿನ ಚೀಟಿಯನ್ನು ಯಾರೂ ವಾಪಸು ಪಡೆದಿರಲಿಲ್ಲ. ಅದನ್ನು ಹಿಡಿದುಕೊಂಡೇ ಆತ ತಪಾಸಣೆಯನ್ನು ತಪ್ಪಿಸಿದ್ದ. 1989ರಲ್ಲಿ ದೊಡ್ಡ ನಿಲ್ದಾಣಗಳಿಗೆ ಬಂದ ಹೊಸ ನಿಯಮದಲ್ಲಿ ಈ ಘಟನೆಯ ನೆರಳು ಸ್ಪಷ್ಟವಾಗಿದೆ: ಅನುಮತಿ ಇದ್ದವರಿಗಷ್ಟೇ ಬಾಗಿಲು ತೆರೆಯಬೇಕು, ಅನುಮತಿ ರದ್ದಾದ ಕ್ಷಣವೇ ಅದು ಮುಚ್ಚಬೇಕು. ಅದಕ್ಕೆ ಮುಂಚೆಯೇ, 1988ರ ಡಿಸೆಂಬರಿನಲ್ಲಿ, ಲಾಕರ್ಬಿಯ ಮೇಲೆ ಪ್ಯಾನ್ ಆಮ್ ವಿಮಾನ ಸ್ಫೋಟಗೊಂಡು 270 ಜನ ಸತ್ತಿದ್ದರು. ಕಾರ್ಡು ಉಜ್ಜುವ ಬಾಗಿಲು, ಡಾಂಬರಿನ ಮೇಲೆ ವಲಯ ತೋರಿಸುವ ಬಣ್ಣದ ಗೆರೆ, ಬ್ಯಾಡ್ಜ್ ಕಾಣದಿದ್ದರೆ ತಡೆದು ಕೇಳುವುದು ಪ್ರತಿಯೊಬ್ಬ ನೌಕರನ ಕರ್ತವ್ಯ ಎಂಬ ಕಟ್ಟುಪಾಡು ಇವೆಲ್ಲ ಬೇರೂರಿದ್ದು ಈ ಕಾಲದಲ್ಲೇ. ಇವುಗಳಲ್ಲಿ ಯಾವುದಕ್ಕೂ ಕಾರಣ ಪುಟ್ಟ ವಿಮಾನದವನಲ್ಲ.

2001ರ ಸೆಪ್ಟೆಂಬರ್ 11ರ ನಂತರ ಭದ್ರತೆಯ ಹೊಣೆಗೆಂದೇ ಟಿಎಸ್‌ಎ ಎಂಬ ಇಲಾಖೆ ಹುಟ್ಟಿತು. ಪೈಲಟ್‌ಗಳು ಫೋಟೊ ಇರುವ ಗುರುತಿನ ಚೀಟಿ ಜೊತೆಗಿಟ್ಟುಕೊಳ್ಳಬೇಕೆಂಬ ನಿಯಮ 2002ರಲ್ಲಿ ಬಂತು. ಪೈಲಟ್ ಲೈಸೆನ್ಸ್ ಒಂದೇ ಸಾಲದೆ ಎಂದು ಕೇಳಬಹುದು. ಸಾಲದು, ಏಕೆಂದರೆ ಅದರಲ್ಲಿ ಪೈಲಟ್‌ನ ಫೋಟೊ ಇಲ್ಲ. ಇರುವುದು ಆರ್ವಿಲ್ ಮತ್ತು ವಿಲ್ಬರ್ ರೈಟ್ ಸಹೋದರರ ಚಿತ್ರ! ಲೈಸೆನ್ಸ್ ಹೊಂದಿದವರ ಫೋಟೊ ಹಾಕಿ ಎಂದು ಸಂಸತ್ತು 2004ರಲ್ಲಿ ಕಾನೂನು ಮಾಡಿತು. 2010ರಲ್ಲಿ ಕರಡು ನಿಯಮವೂ ಹೊರಬಂತು. ಅದು ಕರಡಾಗಿಯೇ ಉಳಿಯಿತು. ಬಿಸಿ ನಿಜವಾಗಿ ತಟ್ಟಿದ್ದು 2008ರ ಕೊನೆಗೆ. ಏರ್‌ಲೈನ್ ನಿಲ್ದಾಣಗಳಲ್ಲಿ ಸಣ್ಣ ವಿಮಾನ ಇಟ್ಟುಕೊಂಡವರಿಗೂ ಹಿನ್ನೆಲೆ ಪರಿಶೀಲನೆ ಮತ್ತು ಬ್ಯಾಡ್ಜ್ ಬೇಕೆಂದು ಟಿಎಸ್‌ಎ ನಿರ್ದೇಶನ ಹೊರಡಿಸಿತು. ಭದ್ರತಾ ಗೋಪ್ಯದ ಹೆಸರಿನಲ್ಲಿ ಇಂಥ ನಿರ್ದೇಶನಗಳ ಪಠ್ಯ ಸಾರ್ವಜನಿಕರ ಕೈಗೆ ಸಿಗುವುದಿಲ್ಲ. ಪಾಲಿಸಬೇಕಾದವರಿಗೇ ಓದಲು ಸಿಗದ ನಿಯಮ ಅದು. ಓದಿದ್ದ ನಿಲ್ದಾಣದ ಅಧಿಕಾರಿ ಹೇಳಿದ್ದೇ ವೇದ. ವಿಮಾನ ಮಾಲೀಕರ ಸಂಘಗಳು ಗಲಾಟೆ ಮಾಡಿದ ಮೇಲೆ 2009ರ ಜೂನ್‌ನಲ್ಲಿ ಜಾರಿಗೆ ಬಂದ ತಿದ್ದುಪಡಿ ಒಂದು ಸಡಿಲಿಕೆ ಕೊಟ್ಟಿತು: ಪರಊರಿನಿಂದ ಬಂದಿಳಿದ ಪೈಲಟ್‌ಗೆ ಬ್ಯಾಡ್ಜ್ ಬೇಡ, ತನ್ನ ವಿಮಾನದ ಆಸುಪಾಸಿನಲ್ಲಿದ್ದುಕೊಂಡು ನೇರವಾಗಿ ಹೊರಬಾಗಿಲಿಗೆ ಹೋಗಿಬಂದರೆ ಸಾಕು. ಅಲ್ಲಿಗೆ, ವರ್ಷಗಟ್ಟಲೆ ಅಲ್ಲೇ ಹ್ಯಾಂಗರ್ ಹಿಡಿದು ಎಲ್ಲರಿಗೂ ಮುಖಪರಿಚಯವಿದ್ದವನಿಗೆ ಬೆರಳಚ್ಚಿನ ಕೌಂಟರು. ನಿನ್ನೆ ಮೊನ್ನೆ ಬಂದ ಅಪರಿಚಿತನಿಗೆ ರಿಯಾಯಿತಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುವುದು ಹಳೆಯ ಮಾತು. ಇಲ್ಲಿ ಯಾವ ಎಮ್ಮೆಗೆ ಎಂಬುದನ್ನೂ ಸರಿಯಾಗಿ ನೋಡಲಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಹಗುರವಾದದ್ದಲ್ಲ. ಸೆಪ್ಟೆಂಬರ್ 11ರ ದಾಳಿಕೋರರಲ್ಲಿ ಮೂವರು ಹಾರಲು ಕಲಿತದ್ದು ಫ್ಲಾರಿಡಾದ ವೆನಿಸ್ ಎಂಬ ಸಣ್ಣ ಊರಿನ ನಿಲ್ದಾಣದಲ್ಲೇ. ಅದಕ್ಕೂ ಮೊದಲು, 1994ರಲ್ಲಿ, ಕದ್ದ ಸೆಸ್ನಾ 150 ಒಂದು ಶ್ವೇತಭವನದ ಅಂಗಳಕ್ಕೇ ಬಂದು ಬಿದ್ದಿತ್ತು. 2002ರ ಜನವರಿಯಲ್ಲಿ ಟ್ಯಾಂಪಾದಲ್ಲಿ 15ರ ಬಾಲಕನೊಬ್ಬ ತರಬೇತಿ ವಿಮಾನವನ್ನು ಬಹುಮಹಡಿ ಕಟ್ಟಡಕ್ಕೆ ನುಗ್ಗಿಸಿದ. 2010ರಲ್ಲಿ ಆಸ್ಟಿನ್‌ನಲ್ಲಿ ತೆರಿಗೆ ಇಲಾಖೆಯ ಮೇಲೆ ಸಿಟ್ಟಿದ್ದ ಒಬ್ಬಾತ ಇಲಾಖೆಯ ಕಚೇರಿಯಿದ್ದ ಕಟ್ಟಡಕ್ಕೇ ವಿಮಾನ ಗುದ್ದಿದ. ಅವನ ಜೊತೆ ಒಬ್ಬ ನೌಕರನೂ ಸತ್ತ, ಕಟ್ಟಡ ಹೊತ್ತಿ ಉರಿಯಿತು. ಹೀಗಿರುವಾಗ ರ್‍ಯಾಂಪ್ ಬಿಗಿ ಮಾಡಿದ್ದು ತಪ್ಪೇ? ಉತ್ತರಕ್ಕೆ ಪ್ರತಿ ಪ್ರಕರಣದ ಹತ್ತಿರ ಹೋಗಿ ನೋಡಬೇಕು. ಟ್ಯಾಂಪಾದ ಬಾಲಕ ಕಳ್ಳತನದಲ್ಲಿ ಒಳಗೆ ಬಂದವನಲ್ಲ, ಪಾಠಕ್ಕೆ ಬಂದ ವಿದ್ಯಾರ್ಥಿ. ಹಾರುವ ಮೊದಲಿನ ತಪಾಸಣೆ ಮಾಡಲು ಅವನನ್ನು ವಿಮಾನದ ಬಳಿ ಬಿಟ್ಟಿದ್ದರು. ಆಸ್ಟಿನ್‌ನವನು ಹತ್ತಿದ್ದು ತನ್ನ ಸ್ವಂತ ವಿಮಾನ. ಎಂಥ ಬ್ಯಾಡ್ಜ್ ಕೇಳಿದ್ದರೂ ಸಿಕ್ಕಿಬಿಡುತ್ತಿತ್ತು. ನಿಜವಾಗಿ ಕಳ್ಳತನವಾದದ್ದು ಶ್ವೇತಭವನದ ಪ್ರಕರಣದಲ್ಲಿ. ಆ ವಿಮಾನ ನಿಂತಿದ್ದದ್ದು ಏರ್‌ಲೈನ್‌ಗಳೇ ಬಾರದ ಸಣ್ಣ ನಿಲ್ದಾಣದಲ್ಲಿ. ಇವತ್ತಿನ ಬ್ಯಾಡ್ಜ್ ನಿಯಮ ಅಲ್ಲಿಗೆ ಅನ್ವಯವೇ ಆಗುವುದಿಲ್ಲ. ಹಾಗಾದರೆ 5,000 ನಿಲ್ದಾಣಕ್ಕೂ ವಿಸ್ತರಿಸೋಣ ಎಂದರೆ ತೂಕದ ಪ್ರಶ್ನೆ ಏಳುತ್ತದೆ. ತುಂಬಿದ ಸೆಸ್ನಾ 172ರ ತೂಕ ಹೆಚ್ಚುಕಡಿಮೆ ಒಂದು ಟನ್, ಇಂಧನ ಸುಮಾರು 200 ಲೀಟರ್. ನ್ಯೂಯಾರ್ಕಿನ ಗೋಪುರಗಳಿಗೆ ಬಡಿದ ಒಂದೊಂದು ಬೋಯಿಂಗ್‌ನಲ್ಲೂ ಇದ್ದದ್ದು ಸುಮಾರು 38 ಸಾವಿರ ಲೀಟರ್. ಅಮೆರಿಕದ ಗೃಹಭದ್ರತಾ ಇಲಾಖೆಯ ಮಹಾತನಿಖಾಧಿಕಾರಿಯ ಕಚೇರಿಯೇ 2009ರ ವರದಿಯಲ್ಲಿ ಸಣ್ಣ ವಿಮಾನಗಳಿಂದ ಬರುವ ಅಪಾಯ ಸೀಮಿತವಾದದ್ದು, ಬಹುಮಟ್ಟಿಗೆ ಊಹೆಯದ್ದು ಎಂದು ಬರೆಯಿತು.

ಹೊರಗಿನವನಿಗಿಂತ ಒಳಗಿನವನ ಕತೆಯೇ ಮತ್ತೆ ಮತ್ತೆ ಮರುಕಳಿಸಿದೆ. 2018ರ ಆಗಸ್ಟ್‌ನಲ್ಲಿ ಸಿಯಾಟಲ್ ನಿಲ್ದಾಣದಿಂದ ಹೊರೈಜನ್ ಏರ್‌ನ ಖಾಲಿ ಪ್ರಯಾಣಿಕ ವಿಮಾನವೊಂದನ್ನು ಹಾರಿಸಿಕೊಂಡು ಹೋಗಿ ದ್ವೀಪವೊಂದಕ್ಕೆ ಅಪ್ಪಳಿಸಿದಾತ ಅದೇ ಸಂಸ್ಥೆಯ ನೆಲದ ಮೇಲಿನ ಕೆಲಸಗಾರ. ಬೆರಳಚ್ಚು ಕೊಟ್ಟಿದ್ದ, ಬ್ಯಾಡ್ಜ್ ಧರಿಸಿದ್ದ, ಪಾಳಿಯ ಮೇಲಿದ್ದ. 2022ರಲ್ಲಿ ಮಿಸಿಸಿಪಿಯ ಟುಪೆಲೊದಲ್ಲಿ ಎರಡು ಎಂಜಿನ್ನಿನ ವಿಮಾನ ಕದ್ದು, ಅಂಗಡಿಯೊಂದರ ಮೇಲೆ ಬೀಳಿಸುವೆನೆಂದು ಗಂಟೆಗಟ್ಟಲೆ ಸುತ್ತಿದವನು ಅಲ್ಲೇ ವಿಮಾನಗಳಿಗೆ ಇಂಧನ ತುಂಬುತ್ತಿದ್ದವನು. 1987ರಿಂದ ಇಲ್ಲಿಯವರೆಗೂ ಪಾಠ ಒಂದೇ. ಬೇಲಿಯೇ ಎದ್ದು ಹೊಲ ಮೇಯ್ದ ಪಾಠ. ಇವನು ನಮ್ಮವನು ಎಂದಷ್ಟೇ ಬ್ಯಾಡ್ಜ್ ಹೇಳಬಲ್ಲದು. ಇವನ ತಲೆಯಲ್ಲಿ ಇವತ್ತು ಏನು ಓಡುತ್ತಿದೆ ಎಂದು ಅದಕ್ಕೆ ಗೊತ್ತಾಗದು.

ಎರಡನೆಯ ಆಕ್ಷೇಪ ನನಗೆ ಹೆಚ್ಚು ಕಷ್ಟದ್ದು. ಸಣ್ಣ ನಿಲ್ದಾಣಗಳ ಪರವಾಗಿ ವಾದಿಸುವವರು ಪರಿಚಯವನ್ನೇ ಭದ್ರತೆ ಎನ್ನುತ್ತಾರೆ: ಅಲ್ಲಿ ಎಲ್ಲರೂ ಎಲ್ಲರನ್ನೂ ಬಲ್ಲರು, ಹೊಸಬ ಬಂದರೆ ಕಣ್ಣಿಗೆ ಬೀಳುತ್ತಾನೆ. ವಿಮಾನ ಮಾಲೀಕರ ಸಂಘ ಎಒಪಿಎ 2002ರಲ್ಲಿ ಟಿಎಸ್‌ಎ ಜೊತೆ ಸೇರಿ ಆರಂಭಿಸಿದ ಕಾವಲು ಯೋಜನೆ ನಿಂತಿರುವುದು ಇದರ ಮೇಲೆಯೇ; ಅನುಮಾನ ಬಂದರೆ ಫೋನ್ ಮಾಡಿ. ಆದರೆ ಅನುಮಾನ ಯಾರ ಮೇಲೆ ಬರುತ್ತದೆ? ಫ್ಲಾರಿಡಾಕ್ಕೋ ಅರಿಝೋನಾಕ್ಕೋ ಹಾರಾಟ ಕಲಿಯಲು ಹೋಗುವ ನಮ್ಮ ಹುಬ್ಬಳ್ಳಿ, ಮಂಗಳೂರಿನ ಹುಡುಗರು ಆ ಊರಿನವರ ಕಣ್ಣಿಗೆ ಎಂದೂ ಪರಿಚಿತ ಮುಖಗಳಲ್ಲ. ವಿದೇಶಿ ವಿದ್ಯಾರ್ಥಿಗಳು 2004ರಿಂದ ಟಿಎಸ್‌ಎಗೆ ಬೆರಳಚ್ಚು ಕೊಟ್ಟು, ಅಲ್ಲಿಂದ ಒಪ್ಪಿಗೆ ಬಂದ ಮೇಲಷ್ಟೇ ತರಬೇತಿಗೆ ಕೂರಬಹುದು. ಇಂಥವರಿಗೆ ಎದೆಯ ಮೇಲಿನ ಬ್ಯಾಡ್ಜ್ ಹೊರೆಯಾಗಿರುವಷ್ಟೇ ರಕ್ಷೆಯೂ ಹೌದು. ಹತ್ತು ಜನ ಹತ್ತು ಸಲ ಕೇಳುವ ಪ್ರಶ್ನೆಗೆ ಅದು ಒಂದೇ ಸಲ ಉತ್ತರ ಕೊಟ್ಟು ಮುಗಿಸುತ್ತದೆ. ಹಾಗಾಗಿ ಬ್ಯಾಡ್ಜನ್ನೇ ಕಿತ್ತೆಸೆಯಿರಿ ಎಂಬ ವಾದಕ್ಕೆ ನನ್ನ ಒಪ್ಪಿಗೆ ಇಲ್ಲ. ಏರ್‌ಲೈನ್ ವಿಮಾನಗಳು ನಿಲ್ಲುವ ಕಡೆ ಅದು ಬೇಕು. ಉಳಿದ ಕಡೆ ವಿಮಾನಕ್ಕೆ ಬೀಗ, ಕೀಲಿ ಯಾರ ಕೈಯಲ್ಲಿದೆ ಎಂಬುದರ ಲೆಕ್ಕ, ರಾತ್ರಿ ದೀಪ, ಇವುಗಳ ಕಡೆಗೆ ಗಮನ ಹೋಗಬೇಕಿತ್ತು. ಟಿಎಸ್‌ಎ 2004ರಲ್ಲಿ ಸಣ್ಣ ನಿಲ್ದಾಣಗಳಿಗೆಂದು ಹೊರತಂದ ಕೈಪಿಡಿಯಲ್ಲಿ ಇಂಥವೇ ಸಲಹೆಗಳಿದ್ದವು. ಸಲಹೆ ಎಂಬ ಕಾರಣಕ್ಕೋ ಏನೋ, ಅದು ಯಾರಲ್ಲೂ ಸಿಟ್ಟು ಹುಟ್ಟಿಸಲಿಲ್ಲ, ಸುದ್ದಿಯನ್ನೂ ಮಾಡಲಿಲ್ಲ.

ವಿಮಾನದ ತೂಕ ನೋಡಿ ನಿಯಮ ಮಾಡುವ ಪ್ರಯತ್ನ ಆಗಲಿಲ್ಲವೆಂದಲ್ಲ. ಸುಮಾರು 5,670 ಕಿಲೊ ಮೀರಿದ ಖಾಸಗಿ ವಿಮಾನಗಳಿಗೆಲ್ಲ ಏರ್‌ಲೈನ್ ಮಾದರಿಯ ಭದ್ರತೆ ಬೇಕೆಂದು 2008ರ ಅಕ್ಟೋಬರಿನಲ್ಲಿ ಟಿಎಸ್‌ಎ ಕರಡು ಪ್ರಕಟಿಸಿತು. ಮಿತಿಯನ್ನು ತೀರಾ ಕೆಳಗೆ ಇಟ್ಟದ್ದರಿಂದ 7,000ಕ್ಕೂ ಹೆಚ್ಚು ಪ್ರತಿಕ್ರಿಯೆಗಳು ಬಂದವು, ಹೆಚ್ಚಿನವು ವಿರೋಧವೇ; ಕರಡು ಮೂಲೆ ಸೇರಿತು. ನನಗೆ ಇದು ಕೈತಪ್ಪಿದ ಅವಕಾಶದಂತೆ ಕಾಣುತ್ತದೆ. ಸಂಖ್ಯೆ ತಪ್ಪಿತ್ತು, ಆದರೆ ನೆಲ ಬಿಟ್ಟು ವಿಮಾನವನ್ನು ನೋಡುವ ಬುದ್ಧಿ ಅದರಲ್ಲಿತ್ತು.

ಭದ್ರತೆಯ ಹೆಸರು ಒಮ್ಮೆ ಅಂಗಳಕ್ಕೆ ಬಂದಮೇಲೆ ಅದನ್ನು ಬೇರೆ ಬೇರೆ ಕೆಲಸಕ್ಕೂ ಬಳಸಿಕೊಂಡರು. ಷಿಕಾಗೊ ಸರೋವರದಂಡೆಯ ಮೀಗ್ಸ್ ಫೀಲ್ಡ್ ನಿಲ್ದಾಣದ ಜಾಗದಲ್ಲಿ ಉದ್ಯಾನ ಮಾಡಬೇಕೆಂದು ಮೇಯರ್ ರಿಚರ್ಡ್ ಡೇಲಿ ವರ್ಷಗಳಿಂದ ಹವಣಿಸುತ್ತಿದ್ದರು. 2003ರ ಮಾರ್ಚ್ 30ರ ರಾತ್ರಿ ಬುಲ್ಡೋಜರ್ ನುಗ್ಗಿಸಿ ರನ್‌ವೇ ಮೇಲೆ ದೊಡ್ಡ ಗುಣಿಸು ಚಿಹ್ನೆಗಳನ್ನು ಅಗೆಸಿಬಿಟ್ಟರು. 16 ವಿಮಾನಗಳು ಅಲ್ಲೇ ಸಿಕ್ಕಿಕೊಂಡು, ಆಮೇಲೆ ಪಕ್ಕದ ಟ್ಯಾಕ್ಸಿವೇಯಿಂದ ಏರಿ ಹೋದವು. ಕೊಟ್ಟ ಕಾರಣ ಭಯೋತ್ಪಾದನೆ. ಮುನ್ಸೂಚನೆ ಇಲ್ಲದೆ ಮುಚ್ಚಿದ್ದಕ್ಕೆ ನಗರಾಡಳಿತ ಕಟ್ಟಿದ ದಂಡ 33,000 ಡಾಲರ್. ಉದ್ಯಾನ ಈಗಲೂ ಅಲ್ಲಿದೆ.

ಬೇಲಿಯಿಂದ ಆದ ಇನ್ನೊಂದು ಬದಲಾವಣೆ ಇಷ್ಟು ಸದ್ದು ಮಾಡಲಿಲ್ಲ. ಬೇಲಿ ಬಂದಮೇಲೆ ರ್‍ಯಾಂಪಿನಿಂದ ರಸ್ತೆಗೆ ಹೋಗಲು ಎಷ್ಟೋ ಕಡೆ ಒಂದೇ ದಾರಿ ಉಳಿಯಿತು: ಖಾಸಗಿ ವಿಮಾನಗಳಿಗೆ ಇಂಧನ, ನಿಲುಗಡೆ ಒದಗಿಸುವ ಕಂಪನಿಯ ಕಟ್ಟಡದ ಒಳಗಿಂದ. ಆ ಕಟ್ಟಡದಲ್ಲಿ ಸೋಫಾ, ಕಾಫಿ, ಬಿಸ್ಕತ್ತು ಎಲ್ಲ ಇರುತ್ತದೆ, ಬಿಲ್ಲೂ ಇರುತ್ತದೆ. ಇಂಧನ ಹಾಕಿಸದೆ, ಏನೂ ಮುಟ್ಟದೆ, ಬಾಗಿಲು ದಾಟಿ ಹೋಗಿಬಂದರೂ ಸೌಲಭ್ಯ ಶುಲ್ಕವೆಂದು ಹಣ ಕೇಳುವ ಪದ್ಧತಿ ಹಬ್ಬಿತು. 2017ರಲ್ಲಿ ಎಒಪಿಎ ಆಶ್‌ವಿಲ್, ಕೀ ವೆಸ್ಟ್, ವೌಕೀಗನ್ ನಿಲ್ದಾಣಗಳ ಮೇಲೆ ವಿಮಾನಯಾನ ಇಲಾಖೆಗೆ ದೂರು ಕೊಟ್ಟಿತು. ಸರ್ಕಾರದ ಅನುದಾನ ಪಡೆದ ನಿಲ್ದಾಣ ಎಲ್ಲರಿಗೂ ನ್ಯಾಯವಾದ ಷರತ್ತಿನಲ್ಲಿ ತೆರೆದಿರಬೇಕೆಂಬ ಕರಾರನ್ನು ನೆನಪಿಸುವುದು ಅದರ ಉದ್ದೇಶ. ಪರಊರಿನ ವಿಮಾನಗಳು ನಿಲ್ಲುವ ಸಾರ್ವಜನಿಕ ಜಾಗವನ್ನು ನಿಲ್ದಾಣದ ನಕ್ಷೆಗಳಲ್ಲಿ ಗುರುತಿಸಿ ತೋರಿಸಿ ಎಂಬ ಒತ್ತಾಯವೂ ಅದರ ಜೊತೆಗೇ ಬಂತು. ಕೆಲವು ಕಡೆ ಗುರುತಿಸಿದ್ದಾರೆ. ಅಲ್ಲಿ ವಿಮಾನ ನಿಲ್ಲಿಸಿ, ಚಕ್ರಕ್ಕೆ ಅಡ್ಡಗಟ್ಟೆ ಕೊಟ್ಟು, ಮೂರು ಹಗ್ಗ ಬಿಗಿದು ಹೊರಟ ಪೈಲಟ್‌ಗೆ ಮೊದಲು ಎದುರಾಗುವುದು ಬೇಲಿಯ ಗೇಟು. ಅದರ ಕೋಡ್ ಕೇಳಬೇಕಾದರೆ ಹಲವು ಕಡೆ ಇವತ್ತಿಗೂ ಅದೇ ಕಂಪನಿಯ ಕೌಂಟರಿಗೆ ಹೋಗಬೇಕು.