ಹಾರುವ ಆಟಗಾರನಿಗೆ ನಿಂತ ಚೌಕಟ್ಟು

ದಿನಪತ್ರಿಕೆಯ ಕ್ರೀಡಾಪುಟವನ್ನು ತೆರೆದು ನೋಡಿ. ಅಲ್ಲಿನ ಚಿತ್ರಗಳಲ್ಲಿ ಕೆಲವು ಅಡ್ಡಲಾಗಿ ಮಲಗಿರುತ್ತವೆ, ಕೆಲವು ಎದ್ದು ನಿಂತಿರುತ್ತವೆ. ಗೆದ್ದ ತಂಡದವರೆಲ್ಲ ಸಾಲಾಗಿ ನಿಂತ ಚಿತ್ರ ಅಡ್ಡವಾಗಿರುತ್ತದೆ. ಫುಟ್‌ಬಾಲ್ ಆಟಗಾರನೊಬ್ಬ ಮೇಲಕ್ಕೆ ಹಾರಿ ತಲೆಯಿಂದ ಚೆಂಡು ಹೊಡೆಯುತ್ತಿರುವ ಚಿತ್ರ ಹೆಚ್ಚಾಗಿ ನಿಂತಿರುತ್ತದೆ. ಪುಟದಲ್ಲಿ ಜಾಗ ಹೊಂದಿಸಲು ಹೀಗೆ ಮಾಡಿದ್ದಾರೆ ಎಂದು ನಿಮಗೆ ಅನ್ನಿಸಬಹುದು. ಅದೂ ಒಂದು ಕಾರಣವೇ. ಆದರೆ ಅದಕ್ಕಿಂತ ದೊಡ್ಡ ಕಾರಣ ನಮ್ಮ ದೇಹದ ಆಕಾರದಲ್ಲಿದೆ. ಅಗಲಕ್ಕಿಂತ ಎತ್ತರ ಹೆಚ್ಚಿರುವ ಇಂಥ ಚಿತ್ರವನ್ನು ಇಲ್ಲಿ ‘ನಿಲುವು ಚಿತ್ರ’ ಎಂದು ಕರೆಯೋಣ.

ಬೆಂಗಳೂರಿನ ಹಲಸೂರಿನ ಬಳಿ ಗೌತಮಪುರ ಎಂಬ ಬಡಾವಣೆ ಇದೆ. ಅಲ್ಲಿಯ ಜನ ಬ್ರೆಜಿಲ್ ದೇಶದ ಆಟಗಾರ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ಫುಟ್‌ಬಾಲ್ ಎಂದರೆ ಅವರಿಗೆ ಅಷ್ಟು ಪ್ರೀತಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಪರವಾಗಿ ಗೋಲು ಹೊಡೆದ ಸಾರಂಗಪಾಣಿ ರಾಮನ್ ಕೂಡ ಬೆಂಗಳೂರಿನವರೇ. ಆದರೆ ಬಡಾವಣೆಯ ಮೈದಾನದಲ್ಲಿ, ನಿಮ್ಮ ಶಾಲೆಯ ಅಂಗಳದಲ್ಲಿ ನಡೆಯುವ ಪಂದ್ಯಗಳಿಗೆ ಟಿ.ವಿ. ಕ್ಯಾಮೆರಾಗಳು ಬರುವುದಿಲ್ಲ. ಗೋಲನ್ನು ಮತ್ತೊಮ್ಮೆ ನಿಧಾನವಾಗಿ ತೋರಿಸುವವರೂ ಇಲ್ಲ. ಆ ಗೋಲು ಹೇಗಾಯಿತು ಎನ್ನುವುದಕ್ಕೆ ಉಳಿಯುವುದು ಗೆರೆಯ ಆಚೆ ಕುಳಿತು ಯಾರೋ ತೆಗೆದ ಒಂದು ಚಿತ್ರ ಮಾತ್ರ. ಆ ಒಂದು ಚಿತ್ರದಲ್ಲಿ ಚೆಂಡೇ ಇಲ್ಲದಿದ್ದರೆ? ಹೊಡೆದವಳ ತಲೆಯೇ ಕತ್ತರಿಸಿ ಹೋಗಿದ್ದರೆ? ಹಾಗಾಗದಂತೆ ನೋಡಿಕೊಳ್ಳಲು ಬೆಲೆಬಾಳುವ ಕ್ಯಾಮೆರಾ ಒಂದೇ ಸಾಲದು. ಸ್ವಲ್ಪ ವಿಜ್ಞಾನವೂ ಬೇಕು.

ಮೊದಲು ಎತ್ತರದ ಲೆಕ್ಕ

ಕಾರ್ನರ್ ಕಿಕ್ ಆಗಿದೆ. ಚೆಂಡು ಗೋಲಿನ ಮುಂದಕ್ಕೆ ತೇಲಿ ಬರುತ್ತಿದೆ. 1.70 ಮೀಟರ್ ಎತ್ತರದ ಆಟಗಾರನೊಬ್ಬ ನೆಲದಿಂದ ಅರ್ಧ ಮೀಟರ್ ಮೇಲಕ್ಕೆ ಹಾರಿದ ಎನ್ನೋಣ. ತಲೆಯ ಮೇಲೆ ಚೆಂಡು. ಅದರ ವ್ಯಾಸ ಸುಮಾರು 22 ಸೆಂ.ಮೀ. ಎಲ್ಲವನ್ನೂ ಕೂಡಿಸಿದರೆ 2.42 ಮೀಟರ್. ಮೇಲೆ ಕೆಳಗೆ ತುಸು ಜಾಗ ಬಿಟ್ಟು 2.5 ಮೀಟರ್ ಎಂದಿಟ್ಟುಕೊಳ್ಳಿ. ಇಷ್ಟು ಎತ್ತರದ ನೋಟ ನಮ್ಮ ಚೌಕಟ್ಟಿನೊಳಗೆ ಹಿಡಿಯಬೇಕು. ಅಗಲವೋ, ಒಂದೂವರೆ ಮೀಟರ್ ಸಾಕು.

ಕ್ಯಾಮೆರಾದ ಚೌಕಟ್ಟು ಮಾತ್ರ ಹುಟ್ಟಿನಿಂದಲೇ ಮಲಗಿದೆ! ಇದರ ಹಿಂದೊಂದು ಕಥೆಯಿದೆ. ಸಿನಿಮಾ ಕ್ಯಾಮೆರಾದಲ್ಲಿ ಫಿಲ್ಮಿನ ಸುರುಳಿ ಮೇಲಿನಿಂದ ಕೆಳಕ್ಕೆ ಓಡುತ್ತಿತ್ತು. ಅದರ ಒಂದೊಂದು ಚಿತ್ರದ ಅಳತೆ 18 ಮಿ.ಮೀ. ಎತ್ತರ, 24 ಮಿ.ಮೀ. ಅಗಲ. ಜರ್ಮನಿಯ ಆಸ್ಕರ್ ಬಾರ್ನಾಕ್ ಅದೇ ಫಿಲ್ಮನ್ನು ಒಂದು ಪುಟ್ಟ ಕ್ಯಾಮೆರಾದಲ್ಲಿ ಅಡ್ಡಲಾಗಿ ಓಡಿಸಿ, ಎರಡು ಚಿತ್ರಗಳ ಜಾಗವನ್ನು ಒಂದೇ ಚಿತ್ರಕ್ಕೆ ಕೊಟ್ಟರು. ಹೀಗೆ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರದ ಚೌಕಟ್ಟು ಬಂತು. ‘ಲೈಕಾ’ ಹೆಸರಿನ ಆ ಕ್ಯಾಮೆರಾ 1925ರಲ್ಲಿ ಮಾರಾಟಕ್ಕೆ ಬಂದಿತು. ಇಂದು ಫಿಲ್ಮಿನ ಜಾಗದಲ್ಲಿ ಬೆಳಕನ್ನು ಗ್ರಹಿಸುವ ಫಲಕವಿದೆ. ಅದನ್ನು ಸಂವೇದಕ ಎನ್ನುತ್ತಾರೆ. ಅನೇಕ ಕ್ಯಾಮೆರಾಗಳಲ್ಲಿ ಅದರ ಅಳತೆ ಈಗಲೂ ಅದೇ 36 ಮತ್ತು 24. ಕ್ಯಾಮೆರಾವನ್ನು ಕಾಲು ಸುತ್ತು ತಿರುಗಿಸಿದರೆ ಎತ್ತರ 36 ಆಗುತ್ತದೆ, ಅಗಲ 24. ನಿಲುವು ಚಿತ್ರಕ್ಕೆ ಬೇಕಾದ್ದು ಅಷ್ಟೇ.

ಅಡ್ಡಲಾಗಿಯೇ ತೆಗೆದು ಆಮೇಲೆ ಬೇಕಾದಷ್ಟನ್ನು ಕತ್ತರಿಸಿಕೊಂಡರೆ ಆಗದೇ? ಆಗುತ್ತದೆ, ಆದರೆ ನಷ್ಟ ಎಷ್ಟು ನೋಡಿ. ಸಂವೇದಕದಲ್ಲಿ ಅಡ್ಡಕ್ಕೆ 6000, ಎತ್ತರಕ್ಕೆ 4000 ಚಿತ್ರಬಿಂದುಗಳಿದ್ದರೆ ಒಟ್ಟು 2 ಕೋಟಿ 40 ಲಕ್ಷ ಬಿಂದುಗಳಾದವು. ಅಡ್ಡಚಿತ್ರದಿಂದ ಅದೇ ಆಕಾರದ ನಿಲುವು ತುಂಡನ್ನು ಕತ್ತರಿಸಿದರೆ ಎತ್ತರ 4000, ಅಗಲ ಸುಮಾರು 2667. ಉಳಿದದ್ದು 1 ಕೋಟಿ 7 ಲಕ್ಷದಷ್ಟು. ಅರ್ಧಕ್ಕಿಂತ ಹೆಚ್ಚು ಬಿಂದುಗಳು ಕಸದ ಬುಟ್ಟಿಗೆ ಹೋದವು. ಆಟಗಾರನ ಹಣೆಯ ಬೆವರು, ಚೆಂಡಿನ ಹೊಲಿಗೆ ಕಾಣಬೇಕಾದರೆ ಆ ಬಿಂದುಗಳು ಬೇಕೇ ಬೇಕು.

ಎಲ್ಲಿ ಕುಳಿತುಕೊಳ್ಳಬೇಕು?

ದೂರದ ಆಟವನ್ನು ಹತ್ತಿರ ತೋರಿಸುವ ಉದ್ದ ಮಸೂರಗಳನ್ನು ನೀವು ಪತ್ರಿಕಾ ಛಾಯಾಗ್ರಾಹಕರ ಬಳಿ ನೋಡಿರಬಹುದು. ಅದರ ಮೇಲೆ 200 ಮಿ.ಮೀ. ಎಂದು ಬರೆದಿದ್ದರೆ ಅದು ಮಸೂರದ ಸಂಗಮ ದೂರ. 36 ಮಿ.ಮೀ. ಚಿತ್ರಕ್ಕೆ 200 ಮಿ.ಮೀ. ದೂರ ಹೇಗೋ, 2.5 ಮೀಟರ್ ಎತ್ತರದ ನೋಟಕ್ಕೆ ಎಷ್ಟು ದೂರ? ತ್ರೈರಾಶಿ ಹಾಕಿ. ಸುಮಾರು 14 ಮೀಟರ್ ಬರುತ್ತದೆ. ಕ್ಯಾಮೆರಾವನ್ನು ಅಡ್ಡ ಹಿಡಿದರೆ 36ರ ಬದಲು 24. ಆಗ ಉತ್ತರ ಸುಮಾರು 21 ಮೀಟರ್.

ಈಗ ಮೈದಾನದ ಅಳತೆ ನೆನಪಿಸಿಕೊಳ್ಳಿ. ಪೆನಾಲ್ಟಿ ಬಿಂದು ಗೋಲುಗೆರೆಯಿಂದ 11 ಮೀಟರ್. ಗೋಲುಗೆರೆಯಿಂದ 2 ಮೀಟರ್ ಹಿಂದೆ, ಗೋಲುಕಂಬದಿಂದ ನಾಲ್ಕಾರು ಹೆಜ್ಜೆ ಪಕ್ಕಕ್ಕೆ ಕುಳಿತರೆ ಆ ಬಿಂದು ನಿಮ್ಮಿಂದ 14-15 ಮೀಟರ್ ಆಗುತ್ತದೆ. ಕಾರ್ನರ್ ಕಿಕ್‌ನ ಹಾರಾಟವೆಲ್ಲ ಅಲ್ಲೇ ಆಸುಪಾಸಿನಲ್ಲಿ! ಇನ್ನೊಂದು ಲಾಭವೂ ಇದೆ. ಗೋಲು ಹೊಡೆಯಲು ಬರುವವರು ಗೋಲಿನ ಕಡೆಗೇ ಮುಖ ಮಾಡಿರುತ್ತಾರೆ, ಅಂದರೆ ನಿಮ್ಮ ಕಡೆಗೆ. ಮಧ್ಯಗೆರೆಯ ಬಳಿ ಕುಳಿತವರಿಗೆ ಸಿಗುವುದು ಬರೀ ಕಿವಿ ಮತ್ತು ಬೆನ್ನು.

ಮಂಡಿಯೂರಿ ಕುಳಿತರೆ ಇನ್ನೂ ಒಳ್ಳೆಯದು. ಕ್ಯಾಮೆರಾ ಕೆಳಗಿದ್ದರೆ ಹಾರಿದವನ ತಲೆ ಆಕಾಶದ ಹಿನ್ನೆಲೆಗೆ ಏರುತ್ತದೆ. ಬೂಟಿಗೂ ನೆಲಕ್ಕೂ ನಡುವಿನ ಖಾಲಿ ಜಾಗವೂ ಕಾಣುತ್ತದೆ. ಆ ಖಾಲಿ ಜಾಗವನ್ನು ಎಂದೂ ಕತ್ತರಿಸಬೇಡಿ. ನೆಲ ಕಾಣದಿದ್ದರೆ ಅವನು ಹಾರಿದ್ದಾನೋ ಸುಮ್ಮನೆ ನಿಂತಿದ್ದಾನೋ ನೋಡಿದವರಿಗೆ ಹೇಗೆ ಗೊತ್ತಾಗಬೇಕು?

ಗೋಲಿನ ಹಿಂದೆ ಕೂರುವ ಮುನ್ನ ತೀರ್ಪುಗಾರರನ್ನೋ ನಿಮ್ಮ ಶಿಕ್ಷಕರನ್ನೋ ಕೇಳಿ. ಗುರಿತಪ್ಪಿದ ಚೆಂಡು ಮುಖಕ್ಕೇ ಬರಬಹುದು, ಆದ್ದರಿಂದ ಒಂದು ಕಣ್ಣು ಸದಾ ಕ್ಯಾಮೆರಾದ ಹೊರಗಿರಲಿ. ಫ್ಲಾಷ್ ಬೇಡ. ಚಿಕ್ಕ ಫ್ಲಾಷಿನ ಬೆಳಕು ಅಷ್ಟು ದೂರ ತಲುಪುವುದಿಲ್ಲ, ಆಟಗಾರರಿಗೆ ತೊಂದರೆ ಬೇರೆ. ಮೊಬೈಲ್ ಇದ್ದರೆ ಸಾಲದೇ ಎಂದು ಕೇಳುತ್ತೀರಾ? ಮೊಬೈಲನ್ನು ನಾವು ಸಹಜವಾಗಿಯೇ ನಿಲುವಾಗಿ ಹಿಡಿಯುತ್ತೇವೆ, ನಿಜ. ಆದರೆ ಅದರ ಮುಖ್ಯ ಮಸೂರ ಬಹಳ ಅಗಲದ ನೋಟವನ್ನು ನೋಡುತ್ತದೆ. ಹಾರಿದ ಆಟಗಾರ ಅದರ ಚೌಕಟ್ಟು ತುಂಬಬೇಕಾದರೆ ನೀವು ಅವನಿಂದ ಸುಮಾರು ಎರಡು ಮೀಟರ್ ದೂರದಲ್ಲಿ ನಿಲ್ಲಬೇಕು. ತೀರ್ಪುಗಾರರು ಮೊದಲ ಕಾರ್ಡನ್ನು ನಿಮಗೇ ತೋರಿಸುತ್ತಾರೆ!

ಮಾಡಿ ನೋಡಿ: ರಟ್ಟಿನ ಕ್ಯಾಮೆರಾ

ಕ್ಯಾಮೆರಾ ಇಲ್ಲದೆಯೂ ಇದನ್ನೆಲ್ಲ ಪರೀಕ್ಷಿಸಬಹುದು. ಹಳೆಯ ನೋಟ್‌ಬುಕ್ಕಿನ ರಟ್ಟಿನಲ್ಲಿ 9 ಸೆಂ.ಮೀ. ಉದ್ದ, 6 ಸೆಂ.ಮೀ. ಅಗಲದ ಕಿಂಡಿ ಕತ್ತರಿಸಿ. ಅದನ್ನು ಕಣ್ಣಿನಿಂದ ಸರಿಯಾಗಿ 50 ಸೆಂ.ಮೀ. ದೂರದಲ್ಲಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ. 36ಕ್ಕೆ 200 ಹೇಗೋ 9ಕ್ಕೆ 50 ಹಾಗೆ. ಆದ್ದರಿಂದ ನಿಮ್ಮ ರಟ್ಟು ಈಗ 200 ಮಿ.ಮೀ. ಮಸೂರದಷ್ಟೇ ನೋಟ ತೋರಿಸುತ್ತದೆ. 14 ಮೀಟರ್ ದೂರದಲ್ಲಿ ಗೆಳತಿಯೊಬ್ಬಳನ್ನು ನಿಲ್ಲಿಸಿ, ಕೈಗಳನ್ನು ಮೇಲೆತ್ತಿ ಹಾರಲು ಹೇಳಿ. ಕಿಂಡಿಯನ್ನು ಒಮ್ಮೆ ಅಡ್ಡ, ಒಮ್ಮೆ ನಿಲುವಾಗಿ ಹಿಡಿಯಿರಿ. ಅಡ್ಡ ಹಿಡಿದಾಗ ಏನು ಕತ್ತರಿಸಿ ಹೋಯಿತು?

ಈಗ ಅವಳನ್ನು ನಿಮ್ಮ ಎದುರಿನಲ್ಲಿ ಎಡದಿಂದ ಬಲಕ್ಕೆ ಜೋರಾಗಿ ಓಡಿಸಿ. ರಟ್ಟನ್ನು ಅಲುಗಿಸಬೇಡಿ. ಕಿಂಡಿಗೆ ಬಂದಳು ಎನ್ನುವಷ್ಟರಲ್ಲಿ ಮಾಯ! 14 ಮೀಟರ್ ದೂರದಲ್ಲಿ ನಿಲುವು ಚೌಕಟ್ಟಿನ ಅಗಲ ಸುಮಾರು 1.67 ಮೀಟರ್ ಮಾತ್ರ. ಸೆಕೆಂಡಿಗೆ 7 ಮೀಟರ್ ಓಡುವ ಆಟಗಾರ್ತಿ ಅದನ್ನು ಕಾಲು ಸೆಕೆಂಡಿಗೂ ಮೊದಲೇ ದಾಟುತ್ತಾಳೆ. ಅದೇ ಗೆಳತಿ ನೇರವಾಗಿ ನಿಮ್ಮ ಕಡೆಗೆ ಓಡಿ ಬಂದರೆ ಚೌಕಟ್ಟಿನೊಳಗೇ ಇದ್ದು ದೊಡ್ಡದಾಗುತ್ತ ಬರುತ್ತಾಳೆ. ನಿಲುವು ಚಿತ್ರ ಯಾರಿಗೆ ಹೊಂದುತ್ತದೆ ಎನ್ನುವುದು ಈಗ ತಿಳಿಯಿತಲ್ಲ? ಮೇಲಕ್ಕೆ ಹಾರುವವರಿಗೆ ಮತ್ತು ನಿಮ್ಮತ್ತ ಓಡಿ ಬರುವವರಿಗೆ. ಅಡ್ಡ ಓಡುವವರಿಗೆ ಅಡ್ಡ ಚೌಕಟ್ಟೇ ವಾಸಿ.

ಬೆರಳು ಯಾವಾಗಲೂ ತಡ

ಜಾಗ ಸಿಕ್ಕಿತು, ಚೌಕಟ್ಟು ನಿಂತಿತು. ಗುಂಡಿ ಒತ್ತುವುದು ಯಾವಾಗ? ‘ಕಾಲು ಚೆಂಡಿಗೆ ತಗುಲಿದಾಗ’ ಎಂದು ಉತ್ತರಿಸಿದರೆ ನಿಮ್ಮ ಚಿತ್ರದಲ್ಲಿ ಚೆಂಡು ಇರುವುದಿಲ್ಲ. ಕಣ್ಣು ಕಂಡದ್ದನ್ನು ಮಿದುಳು ತಿಳಿದು, ಬೆರಳಿಗೆ ಆಜ್ಞೆ ಕಳುಹಿಸಿ, ಬೆರಳು ಅಲುಗುವಷ್ಟರಲ್ಲಿ ಸುಮಾರು 0.2 ಸೆಕೆಂಡು ಕಳೆದಿರುತ್ತದೆ. ಬಲವಾಗಿ ಒದ್ದ ಚೆಂಡು ಸೆಕೆಂಡಿಗೆ 20 ಮೀಟರ್ ಹೋದರೆ ಅಷ್ಟರಲ್ಲಿ ಅದು 4 ಮೀಟರ್ ದೂರ!

ನಿಮ್ಮ ಬೆರಳು ಎಷ್ಟು ತಡ ಮಾಡುತ್ತದೆ ಎಂದು ಒಂದು ಅಳತೆಪಟ್ಟಿಯಿಂದ ತಿಳಿಯಬಹುದು. ಗೆಳೆಯ 30 ಸೆಂ.ಮೀ. ಪಟ್ಟಿಯನ್ನು ಮೇಲಿನ ತುದಿಯಲ್ಲಿ ಹಿಡಿದು ತೂಗಲಿ. ಅದರ ಸೊನ್ನೆಯ ಗುರುತು ನಿಮ್ಮ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಇರಲಿ, ಆದರೆ ಮುಟ್ಟಬಾರದು. ಅವನು ಹೇಳದೆ ಕೇಳದೆ ಬಿಡಬೇಕು, ನೀವು ಹಿಡಿಯಬೇಕು. 10 ಸೆಂ.ಮೀ. ಗುರುತಿನಲ್ಲಿ ಹಿಡಿದರೆ 0.14 ಸೆಕೆಂಡು, 15ರಲ್ಲಿ 0.17, 20ರಲ್ಲಿ 0.20, 25ರಲ್ಲಿ 0.23 ಸೆಕೆಂಡು. ಪಟ್ಟಿ ಪೂರ್ತಿ ಜಾರಿಹೋದರೆ ನಾಚಬೇಡಿ, ಮತ್ತೆ ಪ್ರಯತ್ನಿಸಿ.

ಗುಂಡಿ ಒತ್ತಿ ಹಿಡಿದರೆ ಸೆಕೆಂಡಿಗೆ 10 ಚಿತ್ರ ತೆಗೆಯುವ ಕ್ಯಾಮೆರಾಗಳಿವೆ. ಅವೂ ಇಲ್ಲಿ ಪೂರ್ತಿ ಕಾಪಾಡುವುದಿಲ್ಲ. ಕಾಲು ಚೆಂಡಿಗೆ ಅಂಟಿಕೊಂಡಿರುವುದು ಸೆಕೆಂಡಿನ ನೂರನೇ ಒಂದು ಭಾಗದಷ್ಟು ಕಾಲ ಮಾತ್ರ. ಆದರೆ ಎರಡು ಚಿತ್ರಗಳ ನಡುವೆ ಹತ್ತನೇ ಒಂದು ಸೆಕೆಂಡಿನ ಅಂತರವಿದೆ. ಅಷ್ಟರಲ್ಲಿ ನಮ್ಮ ಚೆಂಡು 2 ಮೀಟರ್ ಸಾಗಿ ಚೌಕಟ್ಟನ್ನೇ ದಾಟಿರುತ್ತದೆ. ಆದ್ದರಿಂದ ಒಳ್ಳೆಯ ಛಾಯಾಗ್ರಾಹಕರು ಚೆಂಡನ್ನು ನೋಡಿ ಗುಂಡಿ ಒತ್ತುವುದಿಲ್ಲ. ಆಟಗಾರನ ಹೆಜ್ಜೆ, ಹಿಂದಕ್ಕೆ ಹೋದ ಕಾಲು, ಬಾಗಿದ ಭುಜ ನೋಡಿ ಮುಂದೇನಾಗುತ್ತದೆ ಎಂದು ಊಹಿಸಿ ಒತ್ತುತ್ತಾರೆ. ಫುಟ್‌ಬಾಲ್ ಆಡಿ ಬಲ್ಲವರಿಗೆ ಇದು ಬೇಗ ಕೈಹತ್ತುತ್ತದೆ.

ಹಾರಿದವರು ಗಾಳಿಯಲ್ಲಿ ನಿಲ್ಲುತ್ತಾರೆಯೇ?

ಒದೆತಕ್ಕೆ ಹೋಲಿಸಿದರೆ ಹಾರಾಟವನ್ನು ಹಿಡಿಯುವುದು ಸುಲಭ. ಇದಕ್ಕೆ ಕಾರಣ ಭೂಮಿಯ ಗುರುತ್ವ! ಎತ್ತರದಿಂದ ಬೀಳುವ ವಸ್ತು ಎರಡರಷ್ಟು ಸಮಯದಲ್ಲಿ ನಾಲ್ಕರಷ್ಟು ದೂರ ಬೀಳುತ್ತದೆ. 0.16 ಸೆಕೆಂಡಿನಲ್ಲಿ ಸುಮಾರು 12.5 ಸೆಂ.ಮೀ., 0.32 ಸೆಕೆಂಡಿನಲ್ಲಿ 50 ಸೆಂ.ಮೀ. ಏರುವಾಗಲೂ ಇದೇ ಲೆಕ್ಕ, ತಿರುಗುಮುರುಗಾಗಿ. ಹಾಗಾಗಿ ಅರ್ಧ ಮೀಟರ್ ಹಾರಿದವನು ಏರಲು 0.32, ಇಳಿಯಲು 0.32, ಒಟ್ಟು 0.64 ಸೆಕೆಂಡು ಗಾಳಿಯಲ್ಲಿರುತ್ತಾನೆ. ಅದರಲ್ಲಿ ತುದಿಯ 12.5 ಸೆಂ.ಮೀ. ಒಳಗೆ ಕಳೆಯುವುದು 0.16 ಮತ್ತು 0.16, ಅಂದರೆ 0.32 ಸೆಕೆಂಡು. ಎತ್ತರದ ಕಾಲು ಭಾಗದಲ್ಲಿ ಸಮಯದ ಅರ್ಧ ಭಾಗ! ಆಟಗಾರ ತುದಿಯಲ್ಲಿ ಒಂದು ಕ್ಷಣ ತೂಗುಬಿದ್ದಂತೆ ನಮಗೆ ಕಾಣುವುದು ಇದಕ್ಕೇ. ಪಾದ ನೆಲ ಬಿಟ್ಟದ್ದನ್ನು ಕಂಡ ಕೂಡಲೇ ಗುಂಡಿ ಒತ್ತಿ. ನಿಮ್ಮ 0.2 ಸೆಕೆಂಡು ತಡವಾದರೂ ಅವನು ಆ ತುದಿಯ ಭಾಗದಲ್ಲೇ ಇರುತ್ತಾನೆ.

ಬೆಳಕಿನ ಲೆಕ್ಕವೂ ಇದೆ

ಕ್ಯಾಮೆರಾದ ಷಟರ್ ತೆರೆದಿರುವಷ್ಟು ಕಾಲ ಚೆಂಡು ಚಲಿಸುತ್ತಲೇ ಇರುತ್ತದೆ. ಅದೇ 20 ಮೀಟರ್ ವೇಗದ ಚೆಂಡು ಸೆಕೆಂಡಿನ 125ನೇ ಒಂದು ಭಾಗದಲ್ಲಿ 16 ಸೆಂ.ಮೀ. ಜರುಗುತ್ತದೆ. ಚಿತ್ರದಲ್ಲಿ ಅದು ಚೆಂಡಲ್ಲ, ಬಿಳಿಯ ಸೌತೆಕಾಯಿ. ಸಾವಿರದ ಒಂದು ಭಾಗದಲ್ಲಿ ಜರುಗುವುದು 2 ಸೆಂ.ಮೀ. ಮಾತ್ರ. ಆದರೆ ನಲ್ಲಿಯನ್ನು ಎಂಟರಲ್ಲಿ ಒಂದು ಪಾಲು ಹೊತ್ತು ಬಿಟ್ಟರೆ ಬಿಂದಿಗೆಗೆ ನೀರೂ ಎಂಟರಲ್ಲಿ ಒಂದು ಪಾಲೇ ಬೀಳುವಂತೆ, ಸಂವೇದಕಕ್ಕೆ ಬೆಳಕೂ ಅಷ್ಟು ಕಡಿಮೆ ಬೀಳುತ್ತದೆ. ಸಂಜೆ ನಾಲ್ಕರ ಪಂದ್ಯದಲ್ಲಿ ಚಿಂತೆಯಿಲ್ಲ. ಆರು ಗಂಟೆಗೆ ಚಿತ್ರ ಕಪ್ಪಾಗತೊಡಗುತ್ತದೆ. ಮಸೂರದ ಕಿಂಡಿಯನ್ನು ಅಗಲಿಸಬಹುದು, ಸಂವೇದಕದ ಸೂಕ್ಷ್ಮತೆಯನ್ನು ಹೆಚ್ಚಿಸಬಹುದು. ಸೂಕ್ಷ್ಮತೆ ಹೆಚ್ಚಿದಷ್ಟೂ ಚಿತ್ರದಲ್ಲಿ ರವೆ ಚೆಲ್ಲಿದಂತೆ ಕಾಳುಗಳು ಕಾಣುತ್ತವೆ. ಮಸುಕಾದ ಚೆಂಡಿಗಿಂತ ರವೆಯಂಥ ಕಾಳುಗಳೇ ಮೇಲು. ಸೂರ್ಯ ನಿಮ್ಮ ಬೆನ್ನ ಹಿಂದಿರುವ ಕಡೆಯ ಗೋಲನ್ನು ಆರಿಸಿಕೊಂಡರೆ ಮುಖಗಳ ಮೇಲೆ ಬೆಳಕಿರುತ್ತದೆ. ಇದಕ್ಕೆ ಖರ್ಚೇನೂ ಇಲ್ಲ.

ಕೊನೆಗೆ ನಿಮಗೊಂದು ಪ್ರಶ್ನೆ. ಗೋಲಿನ ಅಗಲ 7.32 ಮೀಟರ್, ಎತ್ತರ 2.44 ಮೀಟರ್. ಗೋಲ್‌ಕೀಪರ್ ಕೆಲವೊಮ್ಮೆ ಪಕ್ಕಕ್ಕೆ ಎರಗಿ ಚೆಂಡು ತಡೆಯುತ್ತಾಳೆ, ಕೆಲವೊಮ್ಮೆ ನೆಟ್ಟಗೆ ಮೇಲಕ್ಕೆ ನೆಗೆದು ಅದನ್ನು ಅಡ್ಡಪಟ್ಟಿಯಾಚೆ ತಳ್ಳುತ್ತಾಳೆ. ಯಾವುದು ನಡೆಯುತ್ತದೋ ಕಂಡ ಮೇಲೆ ಕ್ಯಾಮೆರಾ ತಿರುಗಿಸಲು ಸಮಯವಿಲ್ಲ. ಎದುರು ತಂಡದವನು ಈಗ ಕಾರ್ನರ್ ಕಿಕ್‌ಗೆ ಚೆಂಡನ್ನು ಇಡುತ್ತಿದ್ದಾನೆ. ನೀವು ಚೌಕಟ್ಟನ್ನು ಹೇಗೆ ಹಿಡಿಯುತ್ತೀರಿ? ರಟ್ಟಿನ ಕಿಂಡಿಯಲ್ಲಿ ಎರಡೂ ರೀತಿ ನೋಡಿ, ಕಾರಣ ಸಹಿತ ನಿಮ್ಮ ಉತ್ತರವನ್ನು ತರಗತಿಯಲ್ಲಿ ಚರ್ಚಿಸಿ.