ಉತ್ತರದ ಅಂಚಿನಲ್ಲಿರುವ ಅಧ್ಯಾಪಕರು

ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಅಂಚೆ ತೆರಪಿನ ಶಿಕ್ಷಣ ಆರಂಭಿಸಿದ ಕಾಲದಿಂದಲೂ, ದೂರಶಿಕ್ಷಣವೆಂದರೆ ಮನೆಗೆ ಬರುವ ಪುಸ್ತಕ ಮತ್ತು ವರ್ಷಾಂತ್ಯದ ಪರೀಕ್ಷೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ವಾಸ್ತವವಾಗಿ, ತರಗತಿಯಲ್ಲಿ ಒಬ್ಬರೇ ಅಧ್ಯಾಪಕರು ನಿರ್ವಹಿಸುವ ಕೆಲಸ ಇಲ್ಲಿ ಹಲವರ ಪಾಲಾಗುತ್ತದೆ: ಪಾಠ ಬರೆಯುವವರು, ಅದನ್ನು ಸ್ವಾಧ್ಯಯನಕ್ಕೆ ಒಗ್ಗುವಂತೆ ಸಂಪಾದಿಸುವವರು, ಅಧ್ಯಯನ ಕೇಂದ್ರದ ಸಮಾಲೋಚಕರು. ಇವರೆಲ್ಲರಿಗಿಂತ ಹೆಚ್ಚಿನ ಹೊಣೆ ಅಸೈನ್‌ಮೆಂಟ್ ತಿದ್ದುವವರದು. ಅವರ ಕೌಶಲದ ಬಗ್ಗೆಯೇ ಚರ್ಚೆ ಕಡಿಮೆ.

ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಅನೇಕ ಕೋರ್ಸುಗಳಲ್ಲಿ ಶೇ 30ರಷ್ಟು ಅಂಕ ಅಸೈನ್‌ಮೆಂಟಿಗೇ ಮೀಸಲು. ತಿದ್ದುವವರು ಅಂಕದೊಂದಿಗೆ ಟಿಪ್ಪಣಿಯನ್ನೂ ಬರೆಯಬೇಕೆಂಬುದು ಅಪೇಕ್ಷೆ. ‘ಉತ್ತಮ’, ‘ಸಾಲದು’ ಎಂಬ ಒಂಟಿ ಪದ ಟಿಪ್ಪಣಿಯಲ್ಲ, ಅದು ಮೊಹರು. ‘ಬರಗಾಲದ ಕಾರಣಗಳನ್ನು ಹೇಳಿದ್ದೀರಿ, ಅವುಗಳಲ್ಲಿ ಮುಖ್ಯವಾದುದು ಯಾವುದು, ಏಕೆ?’ ಎಂದು ಕೇಳಿದರೆ ಮಾತ್ರ ಪಾಠ ಮುಂದುವರಿಯುತ್ತದೆ. ದುಡಿಮೆ ಮುಗಿಸಿ ರಾತ್ರಿ ಓದುವ ವಿದ್ಯಾರ್ಥಿನಿಗೆ, ವಿಶ್ವವಿದ್ಯಾಲಯವು ಅವಳೊಬ್ಬಳನ್ನೇ ಉದ್ದೇಶಿಸಿ ಆಡುವ ಮಾತು ಬಹುಶಃ ಇದೊಂದೇ.

ಈ ಕೆಲಸ ಮಾಡುವವರು ಬಹುತೇಕ ಸಮೀಪದ ಕಾಲೇಜುಗಳ ಅಧ್ಯಾಪಕರು, ಅರೆಕಾಲಿಕರು. ಸಂಭಾವನೆ ಪ್ರತಿಗಳ ಲೆಕ್ಕದಲ್ಲಿ. ನಾಲ್ಕು ಸಾಲು ಬರೆದವರಿಗೂ ಬರೀ ಅಂಕ ಹಾಕಿದವರಿಗೂ ಒಂದೇ ದರವಾದರೆ ಟಿಪ್ಪಣಿ ಬರೆಯುವ ಉತ್ಸಾಹ ಉಳಿಯುವುದಾದರೂ ಹೇಗೆ? ಸ್ಟುಡಿಯೊ, ವಿಡಿಯೊಗಳಿಗೆ ಹಣ ಒದಗಿಸುವ ಆಡಳಿತಗಾರರಿಗೆ ಈ ಪ್ರಶ್ನೆ ಕ್ಷುಲ್ಲಕವೆನಿಸಬಹುದು.

ಮೈಸೂರಿನ ಪ್ರಯೋಗ ಆರಂಭವಾದ ವರ್ಷವೇ ಸ್ಥಾಪನೆಗೊಂಡ ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯದಲ್ಲಿ, ತಿದ್ದಿದ ಪ್ರತಿಗಳ ಮಾದರಿಗಳನ್ನು ಅನುಭವಿ ಸಹೋದ್ಯೋಗಿಗಳು ಪರಿಶೀಲಿಸಿ, ತಿದ್ದಿದವರಿಗೇ ಸಲಹೆ ನೀಡುವ ಕ್ರಮವಿದೆ. ನಮ್ಮ ಅಧ್ಯಯನ ಕೇಂದ್ರಗಳಲ್ಲಿ ಇದನ್ನು ಕಟ್ಟುನಿಟ್ಟಾಗಿ ಜಾರಿಗೆ ತರಲು ಸ್ಟುಡಿಯೊ ಬೇಕಿಲ್ಲ.